ನೇರಪ್ರಸಾರದ ಚಿತ್ರ ತಡವರಿಸುವುದೇಕೆ?

ಒಂದು ಊರಿನ ಕೋಣೆಯಲ್ಲಿ ಕುಳಿತು ಆಡಿದ ಆಟವನ್ನು ಹೆಚ್ಚುಕಡಿಮೆ ಅದೇ ಗಳಿಗೆಯಲ್ಲಿ ಮತ್ತೊಂದು ಖಂಡದವರು ನೋಡಿ ಆನಂದಿಸಬಹುದೆಂದರೆ ನಮ್ಮ ಹಿರಿಯರು ನಂಬುತ್ತಿರಲಿಲ್ಲ. ಇಂದು ಅದು ದಿನನಿತ್ಯದ ಸಂಗತಿಯಾಗಿದೆ. ಬೆಂಗಳೂರಿನ ದಕ್ಷಿಣದಲ್ಲಿ ಬನಶಂಕರಿ ಮೂರನೆಯ ಹಂತಕ್ಕೆ ಹೊಂದಿಕೊಂಡಿರುವ ಇಟ್ಟಮಡುವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಒತ್ತೊತ್ತಾಗಿ ಎದ್ದಿರುವ ಅಲ್ಲಿನ ಮನೆಗಳಲ್ಲಿ ಕಾಲೇಜು ವಿದ್ಯಾರ್ಥಿಗಳು ಬಾಡಿಗೆಗೆ ಹಿಡಿದ ಕೋಣೆಗಳು ಹಲವು. ಅಂಥದೊಂದು ಕೋಣೆ, ಒಂದು ಲ್ಯಾಪ್‌ಟಾಪ್, ಒಂದು ಇಂಟರ್‌ನೆಟ್ ಸಂಪರ್ಕ ಇವಿಷ್ಟಿದ್ದರೆ ಪ್ರಸಾರಕೇಂದ್ರವೊಂದು ಸಿದ್ಧವಾದಂತೆಯೇ.

ಆದರೆ ಪ್ರಸಾರ ಆರಂಭವಾದೊಡನೆ ಅನೇಕರಿಗೆ ನಿರಾಶೆ ಕಾದಿರುತ್ತದೆ. ಆಟದಲ್ಲಿ ನೇರವಾಗಿ ಓಡಬೇಕಾದ ಕಾರು ಕುಪ್ಪಳಿಸಿ ಕುಪ್ಪಳಿಸಿ ಸಾಗುತ್ತದೆ; ಚಿತ್ರ ಕ್ಷಣಕಾಲ ಕಲ್ಲಾಗಿ ನಿಂತು ಮತ್ತೆ ಹಠಾತ್ತನೆ ಮುಂದಕ್ಕೆ ಜಿಗಿಯುತ್ತದೆ. ನೋಡುವವರು ಬೇಸತ್ತು ಎದ್ದುಹೋಗುತ್ತಾರೆ. ಆಗ ಸಾಮಾನ್ಯವಾಗಿ ಕೇಳಿಬರುವ ತೀರ್ಮಾನಗಳು ಎರಡು: ‘ಇಂಟರ್‌ನೆಟ್ ಸರಿಯಿಲ್ಲ’, ಇಲ್ಲವೆ ‘ಹೊಸ ಲ್ಯಾಪ್‌ಟಾಪ್ ಬೇಕು’. ಎರಡನೆಯ ತೀರ್ಮಾನಕ್ಕೆ ತಂದೆತಾಯಿಗಳು ಸಾಲ ಮಾಡಿ ಹಣ ಹೊಂದಿಸಬೇಕಾದೀತು. ಅಷ್ಟಾದ ಮೇಲೂ ಚಿತ್ರ ತಡವರಿಸಿದರೆ? ರೋಗವೆಲ್ಲಿದೆ ಎಂದು ತಿಳಿಯದೆ ಮದ್ದು ಕೊಟ್ಟರೆ ಹೀಗಾಗುವುದು ಸಹಜ. ಆದುದರಿಂದ ಚಿತ್ರವು ಹುಟ್ಟಿದಲ್ಲಿಂದ ನೋಡುವವರ ಕಣ್ಣಿಗೆ ಬೀಳುವವರೆಗೆ ಸಾಗುವ ದಾರಿಯನ್ನು ಮೊದಲು ಪರಿಶೀಲಿಸೋಣ.

ಹದಿನೇಳು ಸಾವಿರಾಂಶದ ಗಡುವು

ಚಲಿಸುವ ಚಿತ್ರವೆಂಬುದು ನಿಜವಾಗಿ ಒಂದರ ಹಿಂದೊಂದು ಬರುವ ನಿಶ್ಚಲ ಚಿತ್ರಗಳ ಸಾಲು. ಈ ಒಂದೊಂದು ಚಿತ್ರಕ್ಕೂ ಫ್ರೇಮ್ ಎಂದು ಹೆಸರು. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮುಗಳು ಬಹುಕಾಲದಿಂದ ರೂಢಿಯಲ್ಲಿವೆ. ಕಂಪ್ಯೂಟರ್ ಆಟಗಳಲ್ಲಿ ಚಲನೆ ತೀವ್ರವಾಗಿರುವುದರಿಂದ ಸೆಕೆಂಡಿಗೆ 60 ಫ್ರೇಮುಗಳನ್ನು ಬಯಸುವುದುಂಟು. ಎಂದರೆ ಒಂದೊಂದು ಫ್ರೇಮಿಗೂ ದೊರೆಯುವ ಕಾಲ ಸೆಕೆಂಡಿನ ಸಾವಿರ ಭಾಗಗಳಲ್ಲಿ 17ಕ್ಕಿಂತ ಸ್ವಲ್ಪ ಕಡಿಮೆ.

ಇಷ್ಟು ಅಲ್ಪಾವಧಿಯಲ್ಲಿ ಗ್ರಾಫಿಕ್ಸ್ ಚಿಪ್ಪು ಎರಡು ಕೆಲಸಗಳನ್ನು ಮಾಡಬೇಕು. ಮೊದಲನೆಯದಾಗಿ ಆಟದ ದೃಶ್ಯವನ್ನು ರಚಿಸಬೇಕು. ಎರಡನೆಯದಾಗಿ ಅದರ ಮೇಲೆ ಆಟಗಾರನ ಮುಖ, ಹೆಸರು, ಅಂಕಪಟ್ಟಿ ಮೊದಲಾದವುಗಳನ್ನು ಜೋಡಿಸಿ ಪ್ರಸಾರದ ಚಿತ್ರವನ್ನು ಸಿದ್ಧಪಡಿಸಬೇಕು. ಆಟಕ್ಕೆ ಮಿತಿಯೇ ಇಲ್ಲದಂತೆ ಬಿಟ್ಟರೆ ಅದು ಚಿಪ್ಪಿನ ಶಕ್ತಿಯನ್ನೆಲ್ಲ ತಾನೇ ನುಂಗಿಬಿಡುತ್ತದೆ. ಜೋಡಣೆಯ ಕೆಲಸಕ್ಕೆ ಸರದಿ ಬರುವಷ್ಟರಲ್ಲಿ ಗಡುವು ಮೀರಿರುತ್ತದೆ. ಆಡುವವನ ಪರದೆಯಲ್ಲಿ ಆಟ ನುಣುಪಾಗಿ ಓಡುತ್ತಿದ್ದರೂ ನೋಡುವವರಿಗೆ ಮಾತ್ರ ಅದು ಕುಂಟುವುದಕ್ಕೆ ಇದೊಂದು ಮುಖ್ಯ ಕಾರಣ. ದಾರಿಯ ಮೊದಲನೆಯ ಘಟ್ಟವೇ ಇದು.

ಐನೂರರಲ್ಲಿ ಒಂದು ಪಾಲು

ಎರಡನೆಯ ಘಟ್ಟವನ್ನು ಅರಿಯಲು ಸ್ವಲ್ಪ ಲೆಕ್ಕ ಮಾಡೋಣ. ಅಡ್ಡಲಾಗಿ 1920, ಉದ್ದಕ್ಕೆ 1080 ಬಿಂದುಗಳಿರುವ ಚಿತ್ರದಲ್ಲಿ ಒಟ್ಟು 20,73,600 ಬಿಂದುಗಳಿರುತ್ತವೆ. ಒಂದೊಂದು ಬಿಂದುವಿನ ಬಣ್ಣವನ್ನು ತಿಳಿಸಲು 24 ಬಿಟ್ಟುಗಳು ಬೇಕೆಂದಿಟ್ಟುಕೊಂಡರೆ, 60 ಫ್ರೇಮುಗಳಿರುವ ಒಂದು ಸೆಕೆಂಡಿನ ಚಿತ್ರಕ್ಕೆ ಸುಮಾರು 300 ಕೋಟಿ ಬಿಟ್ಟುಗಳಾದುವು. ಪ್ರಸಾರಕ್ಕೆ ಸಾಧಾರಣವಾಗಿ ಬಳಸುವ ದರವಾದರೋ ಸೆಕೆಂಡಿಗೆ 60 ಲಕ್ಷ ಬಿಟ್ಟುಗಳು, ಎಂದರೆ 6 ಮೆಗಾಬಿಟ್. ಹೀಗೆ ಮೂಲದ ಐನೂರು ಪಾಲಿನಲ್ಲಿ ಒಂದು ಪಾಲನ್ನು ಮಾತ್ರ ಕಳುಹಿಸಿ, ಚಿತ್ರ ಹೆಚ್ಚಾಗಿ ಕೆಡದಂತೆ ನೋಡಿಕೊಳ್ಳಬೇಕು!

ಈ ಚಮತ್ಕಾರದ ಹಿಂದೆ ಬೆಂಗಳೂರಿನಲ್ಲಿ ಹುಟ್ಟಿದವರೊಬ್ಬರ ಬುದ್ಧಿಬಲವಿದೆ. 1940ರಲ್ಲಿ ಇಲ್ಲಿ ಜನಿಸಿದ ನಾಸಿರ್ ಅಹ್ಮದ್ ಅವರು, ಇಂದು ಯು.ವಿ.ಸಿ.ಇ. ಎಂದು ಹೆಸರಾಗಿರುವ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ 1961ರಲ್ಲಿ ಪದವಿ ಪಡೆದು, ತರುವಾಯ ಅಮೆರಿಕಕ್ಕೆ ತೆರಳಿದರು. ಚಿತ್ರವನ್ನು ಅಲೆಗಳ ಮೊತ್ತವನ್ನಾಗಿ ವಿಭಜಿಸುವ ತಮ್ಮದೊಂದು ಉಪಾಯವನ್ನು ಪರಿಶೀಲಿಸಲು ಅವರು 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನದ ಧನಸಹಾಯ ಕೋರಿದರು. ವಿಷಯ ತೀರ ಸರಳವೆಂಬ ಅಭಿಪ್ರಾಯ ಬಂದು ಸಹಾಯ ದೊರೆಯಲಿಲ್ಲ. ಅವರು ಎದೆಗುಂದದೆ ಕೆಲಸವನ್ನು ಮುಂದುವರಿಸಿದರು. ಟಿ. ನಟರಾಜನ್ ಮತ್ತು ಕೆ. ಆರ್. ರಾವ್ ಅವರೊಡನೆ ಅವರು ಬರೆದ ಲೇಖನ 1974ರ ಜನವರಿಯಲ್ಲಿ ಪ್ರಕಟವಾಯಿತು. ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’ ಎಂಬ ಆ ಗಣಿತವಿಧಾನದ ಸಂತತಿಯೇ ಇಂದಿನ ವಿಡಿಯೊ ಸಂಕೋಚನದಲ್ಲಿ ನೆಲೆಸಿದೆ. 2003ರಲ್ಲಿ ರೂಪುಗೊಂಡು ಇಂದಿಗೂ ವ್ಯಾಪಕವಾಗಿ ಬಳಕೆಯಲ್ಲಿರುವ ಎಚ್.264 ಕ್ರಮವೂ ಇದಕ್ಕೆ ಹೊರತಲ್ಲ.

ವಿಧಾನದ ಸಾರವನ್ನು ಹೀಗೆ ಹೇಳಬಹುದು. ಚಿತ್ರವನ್ನು ಚಿಕ್ಕ ಚಿಕ್ಕ ಚೌಕಗಳನ್ನಾಗಿ ಕತ್ತರಿಸಿ, ಒಂದೊಂದು ಚೌಕದಲ್ಲಿಯೂ ನಿಧಾನವಾಗಿ ಬದಲಾಗುವ ಛಾಯೆ ಎಷ್ಟು, ಥಟ್ಟನೆ ಬದಲಾಗುವ ಸೂಕ್ಷ್ಮ ವಿವರ ಎಷ್ಟು ಎಂದು ಬೇರ್ಪಡಿಸುವುದು. ತೀರ ಸೂಕ್ಷ್ಮವಾದ ವಿವರಗಳು ಕೊಂಚ ಮಾಸಿದರೆ ನಮ್ಮ ಕಣ್ಣು ಅದನ್ನು ಅಷ್ಟಾಗಿ ಗುರುತಿಸದು. ಆದುದರಿಂದ ಅವುಗಳನ್ನು ಧೈರ್ಯವಾಗಿ ಮೊಟಕುಗೊಳಿಸಬಹುದು. ಅದಲ್ಲದೆ, ಹಿಂದಿನ ಫ್ರೇಮಿನಲ್ಲಿದ್ದ ಭಾಗವು ಈಗ ಎಲ್ಲಿಗೆ ಸರಿದಿದೆ ಎಂದು ಹುಡುಕಿ, ಸರಿದ ದೂರವನ್ನೂ ಉಳಿದ ವ್ಯತ್ಯಾಸವನ್ನೂ ಮಾತ್ರ ಕಳುಹಿಸಲಾಗುವುದು. ಕರಿಹಲಗೆಯ ಮುಂದೆ ನಿಂತು ಪಾಠ ಹೇಳುವ ಅಧ್ಯಾಪಕರ ಚಿತ್ರದಲ್ಲಿ ಬದಲಾಗುವುದು ಅಲ್ಪ. ಆಟದಲ್ಲಿಯಾದರೋ ಕ್ಯಾಮರಾ ಒಮ್ಮೆ ಹೊರಳಿದರೆ ಇಡೀ ಪರದೆಯೇ ಬದಲಾಗುತ್ತದೆ. ಹೀಗಾಗಿ ಆಟವನ್ನು ಸಂಕುಚಿಸುವುದು ಕಷ್ಟದ ಕೆಲಸ. ಮುಖ್ಯ ಪ್ರೊಸೆಸರ್ ಒಂದು ಕೈಯಲ್ಲಿ ಆಟವನ್ನು ನಡೆಸುತ್ತ ಇನ್ನೊಂದು ಕೈಯಲ್ಲಿ ಈ ಹುಡುಕಾಟವನ್ನೂ ಮಾಡಬೇಕಾಗಿ ಬಂದರೆ, ಗಡುವಿನೊಳಗೆ ಮುಗಿಸಲಾರದೆ ಕೆಲವು ಫ್ರೇಮುಗಳನ್ನು ಬಿಟ್ಟುಬಿಡುತ್ತದೆ.

ತೂಬು, ಮಡು ಮತ್ತು ಕೋಡಿ

ಮೂರನೆಯ ಘಟ್ಟ ಸಾಗಾಣಿಕೆಯದು. ಇಟ್ಟಮಡುವಿಗೆ ನೆರೆಯ ಬಡಾವಣೆಗೆ ಚನ್ನಮ್ಮನಕೆರೆ ಅಚ್ಚುಕಟ್ಟು ಎಂಬ ಹೆಸರಿದೆ. ಅಚ್ಚುಕಟ್ಟೆಂದರೆ ಕೆರೆಯ ನೀರು ಉಣ್ಣುವ ಭೂಮಿ; ಮಡುವೆಂದರೆ ನೀರು ಆಳವಾಗಿ ನಿಲ್ಲುವ ತಾಣ. ಬಡಾವಣೆಗಳ ಹೆಸರಿನಲ್ಲಿ ಉಳಿದಿರುವ ಈ ಹಳೆಯ ಮಾತುಗಳಿಂದಲೇ ನಮ್ಮ ವಿಷಯವನ್ನು ವಿವರಿಸಬಹುದು. ಸಂಕುಚಿತ ಚಿತ್ರವು ಕೆರೆಗೆ ಹರಿದುಬರುವ ನೀರೆನ್ನೋಣ. ಇಂಟರ್‌ನೆಟ್ಟಿಗೆ ಹೊರಹೋಗುವ ಮಾರ್ಗ ತೂಬು. ತೂಬಿನ ಹರಿವು ಒಂದು ಕ್ಷಣ ಕುಗ್ಗಿದರೆ ನೀರು ಮಡುವಿನಲ್ಲಿ ನಿಲ್ಲುತ್ತದೆ. ಬಫರ್ ಎಂದು ಕರೆಯುವುದು ಇದನ್ನೇ. ಕುಗ್ಗಿದ ಹರಿವು ಬೇಗನೆ ಚೇತರಿಸಿಕೊಂಡರೆ ಯಾರಿಗೂ ತೊಂದರೆ ತಿಳಿಯದು. ಚೇತರಿಸಿಕೊಳ್ಳದಿದ್ದರೆ ಮಡು ತುಂಬಿ ಕೋಡಿ ಹರಿಯುತ್ತದೆ, ಎಂದರೆ ಫ್ರೇಮುಗಳು ಕಳೆದುಹೋಗುತ್ತವೆ.

ದೂರವೇ ಇದಕ್ಕೆ ಕಾರಣವೆಂದು ಭಾವಿಸುವುದು ಸರಿಯಲ್ಲ. ಗಾಜಿನ ತಂತುವಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ದೂರದಿಂದ ಚಿತ್ರ ತುಸು ತಡವಾಗಿ ತಲುಪೀತು. ಆದರೆ ಎಲ್ಲ ಫ್ರೇಮುಗಳೂ ಸಮನಾಗಿ ತಡವಾದರೆ ಚಲನೆ ಕೆಡುವುದಿಲ್ಲ. ಕೆಡಿಸುವುದು ಹರಿವಿನ ಏರುಪೇರು. ಆ ಏರುಪೇರು ಬಹುಮಟ್ಟಿಗೆ ಹುಟ್ಟುವುದು ಮನೆಯೊಳಗಿನ ವೈಫೈನಲ್ಲಿ. 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ದಾರಿಗಳು 1, 6, 11 ಎಂಬ ಮೂರೇ. ಗೋಡೆಗೆ ಗೋಡೆ ತಾಗಿದ ಮನೆಗಳಲ್ಲಿ ಹತ್ತಾರು ರೌಟರುಗಳು ಈ ಮೂರು ದಾರಿಗಳಿಗಾಗಿಯೇ ಸ್ಪರ್ಧಿಸುತ್ತವೆ. ವೈಫೈನಲ್ಲಿ ಒಬ್ಬರು ಮಾತಾಡುವಾಗ ಉಳಿದವರು ಸುಮ್ಮನಿರಬೇಕೆಂಬ ನಿಯಮವಿರುವುದರಿಂದ ಪ್ರತಿಯೊಂದೂ ಸರದಿಗಾಗಿ ಕಾಯಬೇಕು. ಸಾಲದುದಕ್ಕೆ, ಅಡುಗೆಮನೆಯ ಮೈಕ್ರೋವೇವ್ ಒಲೆಯೂ ಇದೇ ಪಟ್ಟಿಯಲ್ಲಿ ಸದ್ದು ಮಾಡುತ್ತದೆ.

ರೋಗವನ್ನು ಗುರುತಿಸುವ ಬಗೆ

ಮೂರು ಘಟ್ಟಗಳಲ್ಲಿ ಯಾವುದು ಎಡವಿದರೂ ನೋಡುವವರಿಗೆ ಕಾಣುವುದು ಒಂದೇ ಬಗೆಯ ತಡವರಿಕೆ. ಇವುಗಳನ್ನು ಬೇರ್ಪಡಿಸಲು ಸುಲಭವಾದ ಪ್ರಯೋಗವೊಂದಿದೆ. ಪ್ರಸಾರ ಮಾಡುವಾಗಲೇ, ಅದೇ ಸಂಕುಚಿತ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿಯೂ ದಾಖಲಿಸಿಕೊಂಡು ಅನಂತರ ನೋಡಬೇಕು. ದಾಖಲೆ ನುಣುಪಾಗಿದ್ದು ಪ್ರಸಾರ ಮಾತ್ರ ಕುಂಟಿದ್ದರೆ ದೋಷ ಸಾಗಾಣಿಕೆಯಲ್ಲಿದೆ. ದಾಖಲೆಯೂ ಕುಂಟುತ್ತಿದ್ದರೆ ದೋಷ ಲ್ಯಾಪ್‌ಟಾಪಿನೊಳಗೇ ಇದೆ. ಇಂಟರ್‌ನೆಟ್ಟನ್ನು ದೂರಿ ಫಲವಿಲ್ಲ.

2012ರಲ್ಲಿ ಮೊದಲು ಹೊರಬಂದ, ಉಚಿತವಾಗಿ ದೊರೆಯುವ ಓಬಿಎಸ್ ತಂತ್ರಾಂಶವು ಇನ್ನೂ ಹೆಚ್ಚಿನ ನೆರವು ನೀಡುತ್ತದೆ. ಅದರ ‘ಸ್ಟ್ಯಾಟ್ಸ್’ ಕಿಟಕಿಯಲ್ಲಿ ಮೂರು ಬೇರೆ ಬೇರೆ ಎಣಿಕೆಗಳಿವೆ: ಚಿತ್ರರಚನೆಯಲ್ಲಿ ತಪ್ಪಿದ ಫ್ರೇಮುಗಳು, ಸಂಕೋಚನದಲ್ಲಿ ಬಿಟ್ಟ ಫ್ರೇಮುಗಳು, ಜಾಲದಲ್ಲಿ ಕಳೆದ ಫ್ರೇಮುಗಳು. ಚಿತ್ರ ತಡವರಿಸಿದಾಗ ಈ ಮೂರರಲ್ಲಿ ಯಾವ ಅಂಕಿ ಏರುತ್ತಿದೆ ಎಂದು ನೋಡಿದರೆ ರೋಗದ ನೆಲೆ ತಾನಾಗಿ ತಿಳಿಯುತ್ತದೆ.

ಮೂರೂ ಅಂಕಿಗಳು ಸೊನ್ನೆಯಲ್ಲಿದ್ದು ಚಿತ್ರ ಮಾತ್ರ ನಡುಗುವ ಪ್ರಸಂಗವೂ ಉಂಟು. ಆಟವು ಸೆಕೆಂಡಿಗೆ 45 ಫ್ರೇಮುಗಳನ್ನು ರಚಿಸುತ್ತಿದ್ದು ಪ್ರಸಾರಕ್ಕೆ 60 ಗೊತ್ತುಮಾಡಿದ್ದರೆ, ಮೂರು ಫ್ರೇಮುಗಳಿಂದ ನಾಲ್ಕು ಸ್ಥಾನಗಳನ್ನು ತುಂಬಬೇಕಾಗುತ್ತದೆ. ಒಂದು ಫ್ರೇಮು ಎರಡು ಬಾರಿ ಕಾಣಿಸಿಕೊಂಡು ನಡಿಗೆಯ ತಾಳ ತಪ್ಪುತ್ತದೆ. ಆಟ ನಿಶ್ಚಯವಾಗಿ ಮುಟ್ಟಬಲ್ಲ ದರಕ್ಕೆ, 30ಕ್ಕೋ 60ಕ್ಕೋ, ಎರಡನ್ನೂ ಹೊಂದಿಸುವುದೇ ಇದಕ್ಕೆ ಪರಿಹಾರ.

ಘಟ್ಟಕ್ಕೆ ತಕ್ಕ ಮದ್ದು

ಚಿತ್ರರಚನೆಯಲ್ಲಿ ಫ್ರೇಮುಗಳು ತಪ್ಪುತ್ತಿದ್ದರೆ ಆಟಕ್ಕೆ ಕಡಿವಾಣ ಹಾಕಬೇಕು. ಆಟದ ಫ್ರೇಮು ದರಕ್ಕೆ ಮಿತಿಯಿಟ್ಟು, ನೆರಳು ಮೊದಲಾದ ಅಲಂಕಾರಗಳನ್ನು ಒಂದು ಮೆಟ್ಟಿಲು ಇಳಿಸಿದರೆ ಗ್ರಾಫಿಕ್ಸ್ ಚಿಪ್ಪಿಗೆ ಬಿಡುವು ದೊರೆಯುತ್ತದೆ. ವಿಂಡೋಸ್‌ನಲ್ಲಿ ಓಬಿಎಸ್ಸನ್ನು ‘ಅಡ್ಮಿನಿಸ್ಟ್ರೇಟರ್’ ಅಧಿಕಾರದಿಂದ ತೆರೆದರೆ ಅದರ ಜೋಡಣೆಯ ಕೆಲಸಕ್ಕೆ ಚಿಪ್ಪಿನಲ್ಲಿ ಆದ್ಯತೆ ಸಿಗುತ್ತದೆ. ಅನೇಕ ಲ್ಯಾಪ್‌ಟಾಪುಗಳಲ್ಲಿ ಎರಡು ಗ್ರಾಫಿಕ್ಸ್ ಚಿಪ್ಪುಗಳಿರುತ್ತವೆ. ಆಟ ಒಂದರಲ್ಲಿಯೂ ಓಬಿಎಸ್ ಇನ್ನೊಂದರಲ್ಲಿಯೂ ನಡೆದರೆ ಆಟದ ಚಿತ್ರ ಸಿಕ್ಕದೆ ಪರದೆ ಕಪ್ಪಾಗಬಹುದು, ಇಲ್ಲವೆ ಪ್ರತಿಯೊಂದು ಫ್ರೇಮನ್ನೂ ಅತ್ತಿಂದಿತ್ತ ಹೊತ್ತು ಹಾಕುವುದರಲ್ಲಿಯೇ ಕಾಲ ಕಳೆಯಬಹುದು. ಆಟವನ್ನು ನೇರವಾಗಿ ಸೆರೆಹಿಡಿಯುವುದಾದರೆ ಎರಡನ್ನೂ ಒಂದೇ ಚಿಪ್ಪಿಗೆ ನೇಮಿಸುವುದು ಒಳ್ಳೆಯದು.

ಸಂಕೋಚನದಲ್ಲಿ ತೊಡಕಿದ್ದರೆ ಆ ಕೆಲಸವನ್ನು ಮುಖ್ಯ ಪ್ರೊಸೆಸರಿನಿಂದ ಬಿಡಿಸಿ ಬೇರೆಯವರಿಗೆ ವಹಿಸಬಹುದು. ಇಂಟೆಲ್ ಸಂಸ್ಥೆಯ ಕ್ವಿಕ್ ಸಿಂಕ್ 2011ರಿಂದಲೂ, ಎನ್‌ವಿಡಿಯಾ ಸಂಸ್ಥೆಯ ಎನ್‌ವೆಂಕ್ 2012ರಿಂದಲೂ ಚಿಪ್ಪುಗಳಲ್ಲಿ ಬರುತ್ತಿವೆ. ಇವು ಸಂಕೋಚನಕ್ಕೆಂದೇ ಮೀಸಲಾದ ಮಂಡಲಗಳು. ಅನೇಕ ವಿದ್ಯಾರ್ಥಿಗಳ ಹಳೆಯ ಲ್ಯಾಪ್‌ಟಾಪಿನೊಳಗೂ ಇಂಥದೊಂದು ಕೆಲಸವಿಲ್ಲದೆ ಕುಳಿತಿರಬಹುದು. ಒಂದು ಆಯ್ಕೆಯನ್ನು ಬದಲಿಸಿದರೆ ಸಾಕು. ಚಿತ್ರದ ಅಳತೆಯನ್ನು 1280ಕ್ಕೆ 720 ಬಿಂದುಗಳಿಗೆ ಇಳಿಸಿದರೆ ಬಿಂದುಗಳ ಸಂಖ್ಯೆ ಅರ್ಧಕ್ಕಿಂತಲೂ ಕಡಿಮೆಯಾಗುತ್ತದೆ. ಮುಗ್ಗರಿಸುವ ದೊಡ್ಡ ಚಿತ್ರಕ್ಕಿಂತ ನಿರಾಯಾಸವಾಗಿ ಸಾಗುವ ಚಿಕ್ಕ ಚಿತ್ರವೇ ಮೇಲಲ್ಲವೆ?

ಸಾಗಾಣಿಕೆಯಲ್ಲಿ ದೋಷವಿದ್ದರೆ ಅಲಂಕಾರಗಳನ್ನು ಇಳಿಸಿ ಪ್ರಯೋಜನವಿಲ್ಲ. ಮೊದಲು ರೌಟರಿನಿಂದ ಲ್ಯಾಪ್‌ಟಾಪಿಗೆ ತಂತಿಯನ್ನೆಳೆಯಬೇಕು. ಅದು ಸಾಧ್ಯವಿಲ್ಲದಿದ್ದರೆ, ಹೆಚ್ಚು ದಾರಿಗಳಿರುವ 5 ಗಿಗಾಹರ್ಟ್ಸ್ ಪಟ್ಟಿಯನ್ನು ಬಳಸಬೇಕು. ಅದು ಗೋಡೆಗಳನ್ನು ಸುಲಭವಾಗಿ ದಾಟದಾದುದರಿಂದ ರೌಟರ್ ಅದೇ ಕೋಣೆಯಲ್ಲಿದ್ದರೆ ಲೇಸು. ಬಳಿಕ ಹೊರಹೋಗುವ ವೇಗವನ್ನು, ಒಳಬರುವುದನ್ನಲ್ಲ, ಪ್ರಸಾರ ಮಾಡುವ ಹೊತ್ತಿನಲ್ಲಿಯೇ ಹಲವು ಸಲ ಅಳೆದು, ದೊರೆತ ಅತಿ ಕಡಿಮೆ ಬೆಲೆಯ ಮುಕ್ಕಾಲು ಪಾಲನ್ನು ಮೀರದಂತೆ ಬಿಟ್ಟುಗಳ ದರವನ್ನು ಗೊತ್ತುಮಾಡಬೇಕು. ತೂಬಿನ ಅಳತೆಯರಿತು ನೀರು ಬಿಡುವುದೆಂದರೆ ಇದೇ.

ಕಾಣದ ಶತ್ರು: ಶಾಖ

ಮೊದಲ ಹತ್ತು ಹದಿನೈದು ನಿಮಿಷ ಪ್ರಸಾರ ಸೊಗಸಾಗಿ ನಡೆದು ಆಮೇಲೆ ಕುಂಟಲಾರಂಭಿಸಿದರೆ ಶಾಖವನ್ನು ಸಂದೇಹಿಸಬೇಕು. ಪ್ರೊಸೆಸರಿನಲ್ಲಿ ವ್ಯಯವಾಗುವ ವಿದ್ಯುಚ್ಛಕ್ತಿಯೆಲ್ಲ ಕೊನೆಗೆ ಶಾಖವಾಗುತ್ತದೆ. ಲ್ಯಾಪ್‌ಟಾಪಿನ ತೆಳುವಾದ ಒಡಲಿನಿಂದ ಅದು ಹೊರಬೀಳಲು ಇರುವುದು ಕಿರಿದಾದ ಕಿಂಡಿಗಳು. ಚಿಪ್ಪಿನ ಉಷ್ಣತೆ 100 ಡಿಗ್ರಿ ಸೆಲ್ಸಿಯಸ್ ಸಮೀಪಿಸಿದಾಗ ಅದು ತನ್ನನ್ನು ರಕ್ಷಿಸಿಕೊಳ್ಳಲು ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ತಂಪಿಗೆ ಹೆಸರಾದ ಬೆಂಗಳೂರಿನಲ್ಲಿಯೂ 2016ರ ಏಪ್ರಿಲ್‌ನಲ್ಲಿ ಉಷ್ಣತೆ 39.2 ಡಿಗ್ರಿಗೆ ಏರಿತ್ತು. ಅಂಥ ದಿನ ಬಿಸಿಗಾಳಿಯಿಂದಲೇ ಚಿಪ್ಪನ್ನು ತಣಿಸಬೇಕಾಗುತ್ತದೆ.

ಲ್ಯಾಪ್‌ಟಾಪನ್ನು ಹಾಸಿಗೆಯ ಮೇಲಿಟ್ಟರೆ ಕಿಂಡಿಗಳು ಮುಚ್ಚಿಹೋಗುತ್ತವೆ. ಗಟ್ಟಿಯಾದ ಮೇಜಿನ ಮೇಲಿಟ್ಟು, ಹಿಂಭಾಗವನ್ನು ಎರಡು ಬೆರಳಿನಷ್ಟು ಎತ್ತರಿಸಿ, ಕಿಂಡಿಗಳ ಧೂಳನ್ನು ಆಗಾಗ್ಗೆ ತೆಗೆಯುತ್ತಿದ್ದರೆ ಕಳೆದುಹೋದ ವೇಗ ಬಹಳಷ್ಟು ಮರಳಿ ಬರಬಹುದು. ಇದಕ್ಕೆ ತಗಲುವ ಖರ್ಚು ಏನೂ ಇಲ್ಲ. ಬ್ಯಾಟರಿಯನ್ನೇ ನೆಚ್ಚಿ ಆಡುವುದೂ ಸಲ್ಲದು. ಆಗ ಅನೇಕ ಯಂತ್ರಗಳು ಶಕ್ತಿಯನ್ನು ಮಿತವಾಗಿ ಬಳಸುತ್ತವೆ.

ಈ ಪರೀಕ್ಷೆಗಳನ್ನು ನಡೆಸುವಾಗ ಒಂದು ನಿಯಮವನ್ನು ಮರೆಯಬಾರದು: ಒಂದು ಸಲಕ್ಕೆ ಒಂದನ್ನು ಮಾತ್ರ ಬದಲಿಸಿ, ಅಂಕಿಗಳನ್ನು ಬರೆದಿಟ್ಟುಕೊಂಡು, ಅನಂತರ ಮುಂದಿನದಕ್ಕೆ ಕೈಹಾಕಬೇಕು. ಐದನ್ನು ಒಟ್ಟಿಗೆ ಬದಲಿಸಿ ಚಿತ್ರ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯದು. ಇಷ್ಟೆಲ್ಲ ಮಾಡಿದ ಮೇಲೂ ಅಂಕಿಗಳು ಚಿಪ್ಪಿನ ಅಶಕ್ತಿಯನ್ನೇ ತೋರಿಸಿದರೆ ಹೊಸ ಲ್ಯಾಪ್‌ಟಾಪಿನ ಮಾತನ್ನು ಮನೆಯಲ್ಲಿ ಎತ್ತಬಹುದು. ಆಗ ಬೇಕಾದುದೇನು, ಎಷ್ಟು ಎಂಬುದಕ್ಕೆ ಕೈಯಲ್ಲಿ ಲೆಕ್ಕವಾದರೂ ಇರುತ್ತದೆ.