ಕೈಗೆಲಸದ ಮನೆಯಲ್ಲಿ ಕಲಹವೇಕೆ?

ಕೈಗೆಲಸದಿಂದ ಮನಸ್ಸಿಗೆ ದೊರೆಯುವ ವಿಶ್ರಾಂತಿಯು ಅಮೂಲ್ಯವಾದದ್ದು. ದಿನದ ದುಡಿತವು ತೀರಿದ ಬಳಿಕ ಸೂಜಿದಾರಗಳನ್ನು ಹಿಡಿದು ಕುಳಿತ ಗೃಹಿಣಿಯು ಅರೆಗಳಿಗೆಯಾದರೂ ತನ್ನ ಚಿಂತೆಗಳನ್ನು ಮರೆಯುವಳು. ಹೀಗಿದ್ದು, ಅದೇ ಕಲೆಯ ಪ್ರೀತಿಯಿಂದ ಒಂದುಗೂಡಿದ ಹತ್ತು ಜನರಲ್ಲಿ ಕಲಹವು ಹುಟ್ಟುವದನ್ನು ಕಂಡರೆ ಆಶ್ಚರ್ಯವೂ ವ್ಯಸನವೂ ಏಕಕಾಲಕ್ಕೆ ಆಗುವವು. ಹೊಲದ ಬದುವಿಗಾಗಿ ಜಗಳವಾಡಿದರೆ ಅದರ ಕಾರಣವು ತಿಳಿಯುವದು. ರಂಗವಲ್ಲಿಯ ಚುಕ್ಕೆಗಾಗಿ ಮಾತು ಬಿಡುವದೆಂದರೇನು?

ನಮ್ಮ ಕಾರವಾರ, ಅಂಕೋಲೆಗಳ ಸೀಮೆಯು ಕುಶಲ ಕಲೆಗಳಿಗೆ ಬಡವಾದದ್ದಲ್ಲ. ವಾತ್ಸ್ಯಾಯನನು ಎಣಿಸಿದ 64 ಕಲೆಗಳಲ್ಲಿ ಅಕ್ಕಿ ಮತ್ತು ಹೂಗಳಿಂದ ಚಿತ್ರ ರಚಿಸುವ ತಂಡುಲಕುಸುಮಬಲಿವಿಕಾರವೂ ಸೂಜಿಯ ಕೆಲಸವೂ ಸೇರಿರುವವು. ಅವುಗಳ ಸಂತತಿಯು ನಮ್ಮಲ್ಲಿ ಇಂದಿಗೂ ಜೀವಂತವಾಗಿದೆ. ಕಾರವಾರದ ಮಾರುತಿಗಲ್ಲಿಯ ಮಾರುತಿ ದೇವರ ಜಾತ್ರೆಯಲ್ಲಿ ಮನೆಮನೆಯ ಮುಂದೆ ಬಣ್ಣದ ರಂಗವಲ್ಲಿಗಳು ಮೂಡುವವು. ಅವುಗಳನ್ನು ನೋಡಲೆಂದೇ ಜನರು ಬರುವರು. ಅಂಕೋಲೆಯ ಕಡೆಯ ಹಾಲಕ್ಕಿ ಒಕ್ಕಲಿಗ ಸ್ತ್ರೀಯರ ಕೊರಳಿನ ಮಣಿಸರಗಳ ಶೋಭೆಯನ್ನು ಅರಿಯದವರಿಲ್ಲ. ಘಟ್ಟವನ್ನೇರಿದರೆ ಹಳಿಯಾಳ, ಯಲ್ಲಾಪುರ, ಮುಂಡಗೋಡಗಳಲ್ಲಿ ಸಿದ್ದಿ ಸ್ತ್ರೀಯರ ಕೌದಿ; ಅದರಾಚೆಗೆ ಧಾರವಾಡದ ಕಸೂತಿ.

ಪೂರ್ವದಲ್ಲಿ ಇಂತಹ ಕೆಲಸಗಾರ್ತಿಯರು ಪಡಸಾಲೆಯಲ್ಲಿ ಕೂಡುತ್ತಿದ್ದರು. ಈಗ ಮೊಬೈಲಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿಯೂ ಕೂಡುವರು. ಪಡಸಾಲೆಯಲ್ಲಿ ಆಡಿದ ಕಟುವಚನವು ಎದುರಿಗಿದ್ದವಳ ಮುಖ ಬಾಡಿದ ಕೂಡಲೇ ಮೃದುವಾಗುತ್ತಿತ್ತು. ಬರೆದು ಕಳುಹಿಸಿದ ಮಾತಿಗೆ ಮುಖವೂ ಇಲ್ಲ, ದನಿಯೂ ಇಲ್ಲ. ವಿನೋದಕ್ಕೆಂದು ಬರೆದದ್ದು ಅಪಮಾನವಾಗಿ ಮುಟ್ಟುವದು. ಐವತ್ತು ಜನರು ಓದಿದ ಮೇಲೆ ಅದನ್ನು ಹಿಂದೆಗೆದುಕೊಳ್ಳುವದೂ ಕಠಿಣ.

ಇಂತಹ ಒಂದು ಮಂಡಳಿಯನ್ನು ವಾಚಕರು ಭಾವಿಸಿಕೊಳ್ಳಲಿ. ಎಪ್ಪತ್ತು ವರ್ಷದ ಅಜ್ಜಿಯೊಬ್ಬಳು ತನ್ನ ತಾಯಿಯಿಂದ ಕಲಿತ ಚುಕ್ಕೆಯ ರಂಗವಲ್ಲಿಯನ್ನು ಹಾಕಿ ಮೊಮ್ಮಗನಿಂದ ಅದರ ಚಿತ್ರವನ್ನು ಕಳುಹಿಸುವಳು. “ಎಳೆ ಡೊಂಕಾಗಿದೆ” ಎಂದು ಒಬ್ಬಳು ಬರೆಯುವಳು. “ಇದು ನಮ್ಮ ಮನೆಯ ಮಾದರಿ, ಕದ್ದದ್ದು” ಎಂದು ಮತ್ತೊಬ್ಬಳು. ಪಕ್ಷಗಳು ಹುಟ್ಟಿ ಸಂಜೆಯೊಳಗೆ ನೂರು ಮಾತುಗಳು ಹರಿದಾಡುವವು. ಅಜ್ಜಿಯು ಏನೂ ಹೇಳದೆ ಸುಮ್ಮನಾಗುವಳು, ಮತ್ತು ಅಂದಿನಿಂದ ಏನನ್ನೂ ಕಳುಹಿಸಳು. ಅವಳ ನೆನಪಿನಲ್ಲಿದ್ದ ಇನ್ನುಳಿದ ಮಾದರಿಗಳು ಯಾರ ಅಂಗಳಕ್ಕೂ ಬಾರದೆ ಹೋಗುವವು. ಗೆದ್ದವರಾರು? ಯಾರೂ ಇಲ್ಲ. ಸೋತದ್ದು ಕಲೆ.

ನಮ್ಮ ನ್ಯಾಯಶಾಸ್ತ್ರವು ಚರ್ಚೆಯನ್ನು ವಾದ, ಜಲ್ಪ, ವಿತಂಡಾ ಎಂದು ಮೂರಾಗಿ ವಿಂಗಡಿಸಿದೆ. ಸತ್ಯವನ್ನು ತಿಳಿಯಲೆಂದು ಮಾಡುವದು ವಾದ. ಗೆಲ್ಲಬೇಕೆಂದು ಮಾಡುವದು ಜಲ್ಪ. ತನ್ನದೊಂದು ಪಕ್ಷವನ್ನು ಸ್ಥಾಪಿಸದೆ ಎದುರಿನವರ ಮಾತನ್ನು ಮುರಿಯುವದಷ್ಟೇ ವಿತಂಡಾ. ಛಲವೆಂಬ ಇನ್ನೊಂದು ದೋಷವನ್ನೂ ಅಲ್ಲಿ ಹೇಳಿದೆ. ಅದರ ದೃಷ್ಟಾಂತವು ಕಂಬಳಿಯದೇ ಆಗಿರುವದು ಕೌದಿ ಹೊಲಿಯುವವರಿಗೆ ರುಚಿಸಬಹುದು. ‘ನವ’ ಎಂದರೆ ಹೊಸದೆಂದೂ ಒಂಬತ್ತೆಂದೂ ಅರ್ಥ. ಒಬ್ಬನಲ್ಲಿ ನವಕಂಬಳವಿದೆ, ಅಂದರೆ ಹೊಸ ಕಂಬಳಿಯಿದೆ ಎಂದರೆ, ಛಲವಾದಿಯು “ಒಂದೇ ಇದೆಯಲ್ಲ, ಒಂಬತ್ತೆಲ್ಲಿ?” ಎಂದು ಕೇಳುವನು. ಹೇಳಿದವರ ಅಭಿಪ್ರಾಯವನ್ನು ಬಿಟ್ಟು ಶಬ್ದವನ್ನು ಹಿಡಿದೆಳೆಯುವ ಈ ಚಟವು ಕಲಾಮಂಡಳಿಗಳ ಅರ್ಧ ಜಗಳಕ್ಕೆ ಮೂಲ.

ಕನ್ನಡ, ಕೊಂಕಣಿ, ಮರಾಠಿಗಳು ಕೂಡಿ ಬಾಳುವ ನಮ್ಮ ಕರಾವಳಿಯಲ್ಲಂತೂ ಈ ಎಚ್ಚರವು ಅವಶ್ಯ. ನಾವು ಕೌದಿ ಎನ್ನುವದನ್ನು ಮರಾಠಿಯವರು ಗೋಧಡಿ ಎನ್ನುವರು. ಹೆಸರು ಬೇರೆಯಾದ ಮಾತ್ರಕ್ಕೆ ಒಬ್ಬರು ತಪ್ಪಿದಂತಲ್ಲ. ರೀತಿಯೂ ಹಾಗೆಯೇ. ಸಿದ್ದಿ ಸ್ತ್ರೀಯರು ಕೌದಿಯ ಮೂಲೆಗಳಲ್ಲಿ ಬಟ್ಟೆಯನ್ನು ಮಡಿಚಿ ‘ಫುಲ’ಗಳನ್ನು, ಅಂದರೆ ಹೂಗಳನ್ನು ಹೊಲಿಯುವರು, ಅವಿಲ್ಲದ ಕೌದಿಯು ಅವರಿಗೆ ಅಪೂರ್ಣ. ಇನ್ನೊಬ್ಬರ ಕೌದಿಯಲ್ಲಿ ಆ ಹೂಗಳಿಲ್ಲ. ಎರಡೂ ಚಳಿಯನ್ನು ತಡೆಯುವವು. ಆದುದರಿಂದ ಪರಿಚಯವಿಲ್ಲದ ರೀತಿಯನ್ನು ಕಂಡಾಗ “ಇದು ತಪ್ಪು” ಎನ್ನುವ ಮೊದಲು “ನಿಮ್ಮಲ್ಲಿ ಹೀಗೇಕೆ ಮಾಡುವಿರಿ?” ಎಂದು ಕೇಳತಕ್ಕದ್ದು. ಮೊದಲನೆಯ ಮಾತಿನಿಂದ ಕಲಹ ದೊರೆಯುವದು, ಎರಡನೆಯದರಿಂದ ವಿದ್ಯೆ.

ಹಾಗಾದರೆ ನಿಜವಾದ ದೋಷವನ್ನೂ ಹೇಳಬಾರದೇ? ಅವಶ್ಯವಾಗಿ ಹೇಳಬೇಕು. ಗವಂತಿ, ಮುರಗಿ, ನೇಯ್ಗೆ, ಮೆಂತೆ ಎಂಬ ನಾಲ್ಕು ಹೊಲಿಗೆಗಳ ಕಸೂತಿಯಲ್ಲಿ ದಾರಕ್ಕೆ ಗಂಟು ಹಾಕುವದಿಲ್ಲ; ಗವಂತಿ, ಮುರಗಿಗಳು ಬಟ್ಟೆಯ ಎರಡೂ ಮಗ್ಗುಲಿಗೆ ಒಂದೇ ತೆರನಾಗಿ ಕಾಣಬೇಕು. ಹೊಸಬಳೊಬ್ಬಳು ಗಂಟು ಹಾಕಿದರೆ ಸುಮ್ಮನಿರುವದು ದಾಕ್ಷಿಣ್ಯವೇ ಹೊರತು ಉಪಕಾರವಲ್ಲ. ಆದರೆ ಅದನ್ನು ಎಲ್ಲರೆದುರು ಹೇಳದೆ ಅವಳೊಬ್ಬಳಿಗೇ ಹೇಳಬೇಕು: “ತಂಗೀ, ಬಣ್ಣ ಚೆನ್ನಾಗಿ ಹೊಂದಿದೆ. ಕಸೂತಿಗೆ ಗಂಟು ಹಾಕುವದಿಲ್ಲ ನೋಡು. ದಾರವನ್ನು ಹೇಗೆ ನಿಲ್ಲಿಸುವದೆಂದು ತೋರಿಸುವೆ, ಬಾ.” ತಪ್ಪನ್ನು ಎಣಿಸುವವಳಿಗೆ ಅದನ್ನು ತಿದ್ದಿ ತೋರಿಸುವ ಸಿದ್ಧತೆಯೂ ಇರಬೇಕು.

ಮಾದರಿಯನ್ನು ಕದ್ದರೆಂಬ ದೂರು ಇದಕ್ಕಿಂತ ಕಠಿಣವಾದದ್ದು. ಇಲ್ಲಿ ಕಾಯಿದೆಯ ತಿಳಿವಳಿಕೆಯು ಸ್ವಲ್ಪ ಇದ್ದರೆ ಒಳ್ಳೆಯದು. 1957ರ ಕೃತಿಸ್ವಾಮ್ಯದ ಕಾಯಿದೆಯಂತೆ ಒಬ್ಬರು ಸ್ವಂತವಾಗಿ ರಚಿಸಿದ ಚಿತ್ರದ ಹಕ್ಕು ಅವರ ಜೀವಿತಕಾಲವೂ ಅನಂತರ 60 ವರ್ಷಗಳೂ ಉಳಿಯುವದು. ಅದನ್ನು ಅನುಮತಿಯಿಲ್ಲದೆ ನಕಲಿಸಿ ಮಾರುವದು ಅನ್ಯಾಯವೇ ಸರಿ. ಆದರೆ ತಲೆಮಾರುಗಳಿಂದ ಅಂಗಳದಿಂದಂಗಳಕ್ಕೆ ನಡೆದುಬಂದ ಚುಕ್ಕೆಯ ಮಾದರಿಗೆ ಒಬ್ಬ ಒಡತಿಯಿಲ್ಲ. 1999ರ ಭೌಗೋಳಿಕ ಸೂಚನೆಗಳ ಕಾಯಿದೆಯ ರಕ್ಷಣೆಯು ಕಸೂತಿಗೆ ದೊರೆತಿದೆ. ಅದು ವ್ಯಾಪಾರದಲ್ಲಿ ಆ ಹೆಸರಿನ ದುರುಪಯೋಗವನ್ನು ತಡೆಯಲೆಂದು ಇರುವದೇ ಹೊರತು, ಕಾರವಾರದ ಹುಡುಗಿಯು ಮನೆಯಲ್ಲಿ ಕಸೂತಿ ಕಲಿಯದಿರಲೆಂದಲ್ಲ. ಕಲಿತವರು “ಇಂಥವರಿಂದ ಕಲಿತೆ” ಎಂದು ಒಂದು ಮಾತು ಹೇಳಿದರೆ ಇಂತಹ ಎಷ್ಟೋ ದೂರುಗಳು ಹುಟ್ಟುವ ಮೊದಲೇ ಶಾಂತವಾಗುವವು.

ಇನ್ನು ಕೆಲವು ಆಚರಣೆಗಳು. ಸಿಟ್ಟು ಬಂದಾಗ ಉತ್ತರವನ್ನು ಬರೆಯಬಾರದು. ಒಂದು ರಾತ್ರಿ ಕಳೆಯಲಿ. ಒಂದು ಸಲ ಉತ್ತರಿಸಿದ ಮೇಲೆ ಅದನ್ನೇ ಬೆಳೆಸಬಾರದು. ಮೂರನೆಯವರು ಪಕ್ಷ ಹಿಡಿಯಬಾರದು. ಇಬ್ಬರ ಜಗಳಕ್ಕೆ ಇಪ್ಪತ್ತು ಜನರು ಕೂಡಿದರೆ ರಾಜಿಗೆ ಸ್ಥಳವುಳಿಯದು. ಮಂಡಳಿಯ ಹಿರಿಯಳು ಇಬ್ಬರನ್ನೂ ಕರೆದು ಎದುರುಬದುರು ಕೂಡ್ರಿಸಿ ಮಾತಾಡಿಸಲಿ. ಕುಹಕವನ್ನು ನಿಲ್ಲಿಸದೆ ಎಲ್ಲರನ್ನೂ ಪೀಡಿಸುವವರಿದ್ದರೆ ಅವರಿಗೆ ಸ್ಪಷ್ಟವಾಗಿ ಹೇಳಿ ಮಂಡಳಿಯಿಂದ ದೂರವಿರಿಸುವದರಲ್ಲಿ ದೋಷವಿಲ್ಲ; ಸಹನೆಯೆಂದರೆ ದುರ್ಬಲರನ್ನು ಕುಹಕಿಗಳಿಗೆ ಒಪ್ಪಿಸುವದಲ್ಲ.

ಈ ಕಲೆಗಳು ಮುಖ್ಯವಾಗಿ ಒಬ್ಬರ ಕೈಯಿಂದ ಮತ್ತೊಬ್ಬರ ಕೈಗೆ ನಡೆದು ಬಂದವು. ತಾಯಿಯು ಮಗಳಿಗೆ, ಅತ್ತೆಯು ಸೊಸೆಗೆ, ನೆರೆಯವಳು ನೆರೆಯವಳಿಗೆ ಕಲಿಸಿದುದರಿಂದಲೇ ಅವು ಉಳಿದಿವೆ. ಒಬ್ಬಳು ಮನನೊಂದು ದೂರವಾದರೆ ಆ ಸರದ ಒಂದು ಮಣಿಯು ಕಳಚಿದಂತೆ. ಆದುದರಿಂದ ಭಗಿನಿಯರು ಮೊದಲ ಉತ್ತರವನ್ನು ಬರೆಯುವ ಮುಂಚೆ, ತಾವು ವಾದಕ್ಕೆ ಹೊರಟಿರುವರೋ ಜಲ್ಪಕ್ಕೋ ಎಂದು ತಮ್ಮನ್ನೇ ಕೇಳಿಕೊಳ್ಳಲಿ.