ಡ್ರಿಲ್ ಮೆಷಿನಿನ ಧೂಳಿಗೆ ಜೋಶಾಂದಾ ಮದ್ದಲ್ಲ

ಹಿಂದೆ ಗೋಡೆಗೊಂದು ಕ್ಯಾಲೆಂಡರ್ ತೂಗುಹಾಕಲು ಮೊಳೆ, ಸುತ್ತಿಗೆ ಸಾಕಾಗುತ್ತಿತ್ತು. ಈಗಿನ ಕಾಂಕ್ರೀಟ್ ಗೋಡೆಗೆ ಮೊಳೆ ಇಳಿಯುವುದಿಲ್ಲ. ಪರದೆಯ ರಾಡಿಗೂ ಗೀಸರಿಗೂ ನೀರಿನ ಫಿಲ್ಟರಿಗೂ ಹ್ಯಾಮರ್ ಡ್ರಿಲ್ ಬೇಕು. ಎರಡು ಮೂರು ಸಾವಿರ ರೂಪಾಯಿಗೆ ಸಿಗುವುದರಿಂದ ಹಲವು ಮನೆಗಳ ಕಪಾಟಿನಲ್ಲಿ ಅದೂ ಒಂದು ಸೇರಿಕೊಂಡಿದೆ. ನಮ್ಮ ಕುಟುಂಬಗಳಲ್ಲಂತೂ ಟೈಲ್ಸ್, ಗ್ರಾನೈಟ್, ಮರಗೆಲಸ, ವೆಲ್ಡಿಂಗ್, ವಯರಿಂಗ್ ಮಾಡಿಯೇ ಮನೆ ನಡೆಸುವವರು ಅನೇಕರಿದ್ದಾರೆ. ಕೆಲವರು ಊರಿನಲ್ಲಿ, ಕೆಲವರು ಗಲ್ಫಿನಲ್ಲಿ. ಅವರ ಕೈಯಲ್ಲಿ ಇಂಥ ಯಂತ್ರಗಳು ದಿನಕ್ಕೆ ಹಲವು ಗಂಟೆ ಇರುತ್ತವೆ.

ಬೆರಳು ಕೊಯ್ದುಕೊಂಡರೆ ಮನೆಮಂದಿಯೆಲ್ಲ ಓಡಿ ಬರುತ್ತಾರೆ. ಶ್ವಾಸಕೋಶಕ್ಕೆ ಪೆಟ್ಟಾದರೆ ರಕ್ತ ಬರುವುದಿಲ್ಲ, ನೋವೂ ಇರುವುದಿಲ್ಲ. ಹಾಗಾಗಿ ಈ ಬರಹದಲ್ಲಿ ಧೂಳಿನ ಬಗ್ಗೆಯೇ ಹೆಚ್ಚು ಹೇಳುತ್ತೇನೆ.

ಯುನಾನಿ ದವಾಖಾನೆಗೆ ಬರುವವರಲ್ಲಿ ಹಳೆಯ ಕೆಮ್ಮಿನವರು ಬಹಳ. 'ಕಫ ಕಟ್ಟಿದೆ, ಜೋಶಾಂದಾ ಕೊಡಿ' ಎನ್ನುತ್ತಾರೆ. ಕೆಲಸ ಏನು ಎಂದು ಕೇಳಿದರೆ 'ಗ್ರಾನೈಟ್ ಫಿಟ್ಟಿಂಗ್' ಎನ್ನುತ್ತಾರೆ, ಅದಕ್ಕೂ ಕೆಮ್ಮಿಗೂ ಸಂಬಂಧವೇ ಇಲ್ಲವೆಂಬಂತೆ. ಜೋಶಾಂದಾ, ಲಊಕ್ ಸಪಿಸ್ತಾನ್ ಮೊದಲಾದವು ನೆಗಡಿಯ ಕೆಮ್ಮಿಗೆ, ಗಂಟಲಿನ ಕೆರೆತಕ್ಕೆ ಹಿತ ಕೊಡುತ್ತವೆ. ಕಲ್ಲಿನ ಪುಡಿಯಿಂದ ಶ್ವಾಸಕೋಶದಲ್ಲಿ ಕಲೆ ಬಿದ್ದಿದ್ದರೆ ಅದನ್ನು ಅಳಿಸುವ ಮದ್ದು ಯುನಾನಿಯಲ್ಲಿಲ್ಲ. ಆಯುರ್ವೇದದಲ್ಲಿಯೂ ಇಲ್ಲ, ಅಲೋಪತಿಯಲ್ಲಿಯೂ ಇಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳುವುದೇ ಒಳ್ಳೆಯದು.

ಮರಳು, ಕಾಂಕ್ರೀಟ್, ಗ್ರಾನೈಟ್, ಟೈಲ್ಸ್ ಎಲ್ಲದರಲ್ಲಿಯೂ ಸಿಲಿಕಾ ಇದೆ. ಕೊರೆಯುವಾಗ ನೆಲಕ್ಕೆ ಬಿದ್ದು ಕಾಣುವ ಪುಡಿ ಅಷ್ಟೇನೂ ಅಪಾಯದ್ದಲ್ಲ. ಅದರ ದಪ್ಪ ಕಣಗಳು ಮೂಗಿನಲ್ಲಿಯೇ ನಿಲ್ಲುತ್ತವೆ. ಕೂದಲಿನ ದಪ್ಪಕ್ಕಿಂತ ಹತ್ತು ಪಟ್ಟು ಸಣ್ಣದಾದ, ಕಣ್ಣಿಗೆ ಕಾಣದ ಕಣಗಳು ಗಂಟೆಗಟ್ಟಲೆ ಗಾಳಿಯಲ್ಲಿ ತೇಲುತ್ತಾ ಶ್ವಾಸಕೋಶದ ತಳಕ್ಕೆ ಇಳಿಯುತ್ತವೆ. ದೇಹ ಅವನ್ನು ಕರಗಿಸಲಾರದೆ ಸುತ್ತಲೂ ಗಟ್ಟಿ ಕಲೆ ಕಟ್ಟುತ್ತದೆ. ಇದೇ ಸಿಲಿಕೋಸಿಸ್. ಸಾಮಾನ್ಯವಾಗಿ ಹತ್ತು ವರ್ಷ ಕಳೆದ ಮೇಲೆ ಕಾಣಿಸಿಕೊಳ್ಳುತ್ತದೆ, ಧೂಳು ವಿಪರೀತವಾಗಿದ್ದರೆ ಬೇಗನೆ ಬರುತ್ತದೆ. ಒಮ್ಮೆ ಶುರುವಾದರೆ ಕೆಲಸ ಬಿಟ್ಟ ಮೇಲೂ ಬೆಳೆಯಬಹುದು. ಸಿಲಿಕಾ ಧೂಳಿನಿಂದ ಶ್ವಾಸಕೋಶದ ಕ್ಯಾನ್ಸರ್ ಬರುತ್ತದೆಂದು ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 1997ರಲ್ಲಿಯೇ ಹೇಳಿದೆ. ಅಡುಗೆ ಕಟ್ಟೆಗೆ ಈಗ ಜನ ಇಷ್ಟಪಡುವ ಕೃತಕ ಕ್ವಾರ್ಟ್ಜ್ ಹಲಗೆಗಳಲ್ಲಿ ಸಿಲಿಕಾ 90 ಶೇಕಡಾ ದಾಟುವುದುಂಟು. ಅದನ್ನು ಕೊಯ್ದ ಯುವಕರು ಕಾಯಿಲೆ ಬಿದ್ದದ್ದನ್ನು ಕಂಡು ಆಸ್ಟ್ರೇಲಿಯಾ 2024ರ ಜುಲೈಯಿಂದ ಅಂಥ ಹಲಗೆಗಳನ್ನೇ ನಿಷೇಧಿಸಿತು. ನಮ್ಮಲ್ಲಿ ಅದು ಫ್ಯಾಷನ್.

ಇನ್ನೊಂದು ವಿಷಯ. ಸಿಲಿಕೋಸಿಸ್ ಇದ್ದವರಿಗೆ ಕ್ಷಯ ತಗಲುವ ಸಾಧ್ಯತೆ ಇತರರಿಗಿಂತ ಹಲವು ಪಟ್ಟು ಹೆಚ್ಚು. ಎಕ್ಸ್‌ರೇಯಲ್ಲಿ ಎರಡೂ ಒಂದನ್ನೊಂದು ಹೋಲುವುದರಿಂದ ಗೊಂದಲವೂ ಆಗುತ್ತದೆ. ಆದ್ದರಿಂದ ಯಾವ ವೈದ್ಯರ ಬಳಿ ಹೋದರೂ ಅವರು ಕೇಳದಿದ್ದರೂ ನಿಮ್ಮ ಕೆಲಸ ಏನು, ಎಷ್ಟು ವರ್ಷದಿಂದ ಎಂದು ಹೇಳಿ. ಎರಡು ವಾರ ಮೀರಿದ ಕೆಮ್ಮಿಗೆ ಕಫ ಪರೀಕ್ಷೆ, ಎದೆಯ ಎಕ್ಸ್‌ರೇ ಆಗಲೇಬೇಕು. ಧೂಳಿನ ಕೆಲಸದವರು ಕೆಮ್ಮು ಇಲ್ಲದಿದ್ದರೂ ಆಗಾಗ ಊದುವ ಪರೀಕ್ಷೆ, ಅಂದರೆ ಸ್ಪೈರೋಮೆಟ್ರಿ ಮಾಡಿಸಿಕೊಳ್ಳಲಿ.

ತಡೆಯುವುದು ಹೇಗೆ? ಯುನಾನಿಯಲ್ಲಿ ಆರೋಗ್ಯಕ್ಕೆ ಬೇಕಾದ ಆರು ಅಗತ್ಯಗಳನ್ನು ಹೇಳುವಾಗ ಮೊದಲು ಬರುವುದು ಗಾಳಿ, ಆಹಾರವೂ ಅದರ ನಂತರವೇ. ಹಾಗಾಗಿ ಧೂಳು ಗಾಳಿಗೆ ಏರದಂತೆ ನೋಡಿಕೊಳ್ಳುವುದು ಮೊದಲ ಕೆಲಸ, ಮಾಸ್ಕ್ ಎರಡನೆಯದು. ಗ್ರಾನೈಟ್, ಟೈಲ್ಸ್ ಕೊಯ್ಯುವಾಗ ಬ್ಲೇಡಿಗೆ ನೀರು ಬೀಳುತ್ತಿರಲಿ. ಆದರೆ ಅದಕ್ಕೆ ನೀರಿನೊಂದಿಗೆ ಬಳಸಲೆಂದೇ ತಯಾರಾದ ಕಟ್ಟರ್ ಬೇಕು. ಸಾಮಾನ್ಯ ಗ್ರೈಂಡರಿಗೆ ನೀರು ಸುರಿದರೆ ಶಾಕ್ ಹೊಡೆದೀತು. ಗೋಡೆ ಕೊರೆಯುವಾಗ ಇನ್ನೊಬ್ಬರು ವ್ಯಾಕ್ಯೂಮ್ ಕ್ಲೀನರಿನ ಬಾಯಿಯನ್ನು ತೂತಿನ ಕೆಳಗೆ ಹಿಡಿದರೆ ಬಹುಪಾಲು ಪುಡಿ ಅಲ್ಲಿಯೇ ಹೋಗುತ್ತದೆ. ತಾರಸಿಗೆ ಕೊರೆಯುವಾಗ ಪ್ಲಾಸ್ಟಿಕ್ ಲೋಟವೊಂದರ ತಳಕ್ಕೆ ತೂತು ಮಾಡಿ ಬಿಟ್ಟಿಗೆ ಸಿಕ್ಕಿಸಿಕೊಳ್ಳಿ, ಕಣ್ಣಿಗೆ ಬೀಳುವ ಪುಡಿ ಲೋಟದಲ್ಲಿ ಉಳಿಯುತ್ತದೆ. ಕೆಲಸ ಮುಗಿದ ಮೇಲೆ ಒಣ ಹಿಡಿಸೂಡಿಯಿಂದ ಗುಡಿಸಬೇಡಿ, ಕೆಳಗೆ ಕೂತ ಧೂಳನ್ನು ಅದು ಮತ್ತೆ ಎಬ್ಬಿಸುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ.

ಮುಖಕ್ಕೆ ಬೈರಾಸು ಸುತ್ತಿಕೊಂಡರೆ ಈ ಸಣ್ಣ ಕಣಗಳು ನಿಲ್ಲುವುದಿಲ್ಲ. ಎನ್95 ಅಥವಾ ಎಫ್‌ಎಫ್‌ಪಿ2 ಎಂದು ಬರೆದ ಮಾಸ್ಕ್ ಬೇಕು. ಇಲ್ಲಿ ನಮ್ಮವರಿಗೊಂದು ತೊಡಕಿದೆ. ಈ ಮಾಸ್ಕ್ ಚರ್ಮಕ್ಕೆ ಅಂಟಿ ಕೂತರೆ ಮಾತ್ರ ಪ್ರಯೋಜನ, ಗಡ್ಡವಿದ್ದರೆ ಬದಿಯಿಂದ ಗಾಳಿ ನುಗ್ಗುತ್ತದೆ. ಗಡ್ಡ ಬಿಟ್ಟವರು ಮಾಸ್ಕ್ ಹಾಕಿದ್ದೇನಲ್ಲ ಎಂದು ಧೈರ್ಯದಿಂದಿದ್ದರೆ ಅದು ಸುಳ್ಳು ಧೈರ್ಯ. ಕೋವಿಡ್ ಕಾಲದಲ್ಲಿ ಬ್ರಿಟನ್ನಿನ ಸಿಖ್ ವೈದ್ಯರಿಗೂ ಇದೇ ಸಮಸ್ಯೆ ಬಂದಾಗ ಗಡ್ಡವನ್ನು ಎಲಾಸ್ಟಿಕ್ ಪಟ್ಟಿಯಿಂದ ಬಿಗಿಯಾಗಿ ಮುಚ್ಚಿ ಅದರ ಮೇಲೆ ಮಾಸ್ಕ್ ಕೂರಿಸುವ ಕ್ರಮವನ್ನು ಪರೀಕ್ಷಿಸಿ ನೋಡಿದರು, ಅದು ಕೆಲಸ ಮಾಡಿತು. ದೊಡ್ಡ ಕಂಪನಿಗಳಲ್ಲಿ ತಲೆಯನ್ನು ಪೂರ್ತಿ ಮುಚ್ಚಿ ಫ್ಯಾನಿನಿಂದ ಶುದ್ಧ ಗಾಳಿ ಕೊಡುವ ಹುಡ್ ಇರುತ್ತದೆ, ಅದಕ್ಕೆ ಗಡ್ಡ ಅಡ್ಡಿಯಲ್ಲ. ಗಲ್ಫಿನಲ್ಲಿರುವವರು ಅದನ್ನು ಕೇಳಿ ಪಡೆಯಬಹುದು. ಎರಡೂ ಸಾಧ್ಯವಾಗದವರಿಗೆ ನೀರು ಮತ್ತು ವ್ಯಾಕ್ಯೂಮ್ ಇನ್ನಷ್ಟು ಮುಖ್ಯ.

ಮನೆಯ ಹೆಂಗಸರಿಗೂ ಒಂದು ಮಾತು. ಕೆಲಸದ ಬಟ್ಟೆಯನ್ನು ಅಂಗಳದಲ್ಲಿ ಕೊಡವಿ ನಂತರ ಒಗೆಯುವ ಅಭ್ಯಾಸ ಬಿಡಿ, ಆ ಧೂಳು ನಿಮ್ಮ ಮೂಗಿಗೂ ಹೋಗುತ್ತದೆ. ನೇರವಾಗಿ ನೀರಿನಲ್ಲಿ ನೆನೆಹಾಕಿ, ಬೇರೆಯಾಗಿ ಒಗೆಯಿರಿ. ಗಂಡಸರು ಮಕ್ಕಳನ್ನು ಎತ್ತಿಕೊಳ್ಳುವ ಮೊದಲು ಬಟ್ಟೆ ಬದಲಿಸಿ, ಸ್ನಾನ ಮಾಡಿ ಬರಲಿ.

ಧೂಳಿನಂತೆಯೇ ಸದ್ದಿಲ್ಲದೆ ಕೆಡಿಸುವ ಇನ್ನೆರಡು ಇವೆ. ಒಂದು ಸದ್ದೇ! ಹ್ಯಾಮರ್ ಡ್ರಿಲ್ಲಿನ ಸದ್ದು ಸುಮಾರು 100 ಡೆಸಿಬೆಲ್. 85 ಡೆಸಿಬೆಲ್ ಸದ್ದನ್ನು ಎಂಟು ಗಂಟೆ ತಾಳಬಹುದೆಂದು ಲೆಕ್ಕ, ಪ್ರತಿ 3 ಡೆಸಿಬೆಲ್ ಏರಿದಾಗಲೂ ಅವಧಿ ಅರ್ಧಕ್ಕಿಳಿಯುತ್ತದೆ. ಹಾಗೆ ನೋಡಿದರೆ 100 ಡೆಸಿಬೆಲ್‌ಗೆ ಹದಿನೈದೇ ನಿಮಿಷ. ಕಿವಿಯೊಳಗೆ ಗುಂಯ್ ಎನ್ನತೊಡಗಿದ ಮೇಲೆ ಬಾದಾಮಿ ಎಣ್ಣೆ ಬಿಟ್ಟರೆ ಹೋದ ಶ್ರವಣ ಮರಳದು. ಕಿವಿಗೆ ಇಯರ್ ಪ್ಲಗ್ ಇಟ್ಟುಕೊಳ್ಳಿ, ಅಗ್ಗದ್ದಾದರೂ ಸರಿ. ಎರಡನೆಯದು ಅದುರು. ಸಾಮಾನ್ಯ ಹ್ಯಾಮರ್ ಡ್ರಿಲ್ ನಿಮಿಷಕ್ಕೆ 40,000ಕ್ಕೂ ಹೆಚ್ಚು ಪೆಟ್ಟು ಕೊಡುತ್ತದೆ, ಅದರ ಅದುರು ಕೈಯ ನರ, ರಕ್ತನಾಳಗಳಿಗೆ ಹೋಗುತ್ತದೆ. ರಾತ್ರಿ ಬೆರಳು ಜೋಮು ಹಿಡಿಯುವುದು, ಅಂಗಿಯ ಗುಂಡಿ ಹಾಕಲು ಕಷ್ಟವಾಗುವುದು, ಚಳಿಗೆ ಬೆರಳ ತುದಿ ಬಿಳಿಚುವುದು ಇದರ ಲಕ್ಷಣ. ಎಣ್ಣೆ ತಿಕ್ಕಿದರೆ ಹಾಯೆನಿಸುತ್ತದೆ, ಆದರೆ ಮರುದಿನ ಮತ್ತೆ ಅದೇ ಯಂತ್ರ ಹಿಡಿದರೆ ಫಲವಿಲ್ಲ. ಬಿಟ್ ಮೊಂಡಾಗಿದ್ದರೆ ಬದಲಿಸಿ, ಮೈಭಾರ ಹಾಕಿ ಒತ್ತಬೇಡಿ, ನಡುನಡುವೆ ಕೈಗೆ ಬಿಡುವು ಕೊಡಿ. ಬೀಡಿ ಸಿಗರೇಟು ಸೇದುವವರಿಗೆ ಇದು ಬೇಗ ಹೆಚ್ಚುತ್ತದೆ.

ಯಂತ್ರ ಹಿಡಿಯುವ ಕ್ರಮ ಬಹಳಷ್ಟು ಮಂದಿಗೆ ಗೊತ್ತಿರುವುದೇ, ಪಾಲಿಸುವುದು ಕಡಿಮೆ. ಬದಿಯ ಹಿಡಿಕೆಯನ್ನು ಬಿಚ್ಚಿಟ್ಟು ಒಂದೇ ಕೈಯಲ್ಲಿ ಕೊರೆಯುವಾಗ ಬಿಟ್ ಕಂಬಿಗೆ ಸಿಕ್ಕಿಬಿದ್ದರೆ ಯಂತ್ರವೇ ಗಿರಕಿ ಹೊಡೆದು ಮಣಿಕಟ್ಟು ತಿರುಚುತ್ತದೆ. ಸಡಿಲ ತೋಳಿನ ಜುಬ್ಬಾ, ದುಪಟ್ಟಾ, ಹತ್ತಿಯ ಸಡಿಲ ಕೈಗವಸು ತಿರುಗುವ ಬಿಟ್ಟಿಗೆ ಸುತ್ತಿಕೊಳ್ಳುತ್ತವೆ. ಬಿಟ್ ಬದಲಿಸುವಾಗ ಪ್ಲಗ್ ಕಿತ್ತಿಡಿ. ಸ್ವಿಚ್ ಬೋರ್ಡಿನ ನೇರ ಮೇಲೆ, ಕೆಳಗೆ, ಪಕ್ಕಕ್ಕೆ ವಯರ್ ಹೋಗಿರುತ್ತದೆ, ಅಲ್ಲಿ ಕೊರೆಯಬೇಡಿ. ಪ್ಲಗ್ ಇಲ್ಲದ ವಯರನ್ನು ಸಾಕೆಟ್ಟಿಗೆ ತುರುಕಿ ಬೆಂಕಿಕಡ್ಡಿ ಸಿಕ್ಕಿಸುವುದನ್ನು ಇವತ್ತೂ ಕಟ್ಟಡಗಳಲ್ಲಿ ಕಾಣುತ್ತೇವೆ. ಹತ್ತಿಪ್ಪತ್ತು ರೂಪಾಯಿ ಉಳಿಸಲು ಜೀವ ಪಣಕ್ಕಿಡುವುದು ಇದು. ಗ್ರೈಂಡರಿನ ಗಾರ್ಡ್ ತೆಗೆದು ಅದಕ್ಕೆ ಮರ ಕೊಯ್ಯುವ ಬ್ಲೇಡ್ ಹಾಕುವುದನ್ನಂತೂ ಯಾವ ಕಾರಣಕ್ಕೂ ಮಾಡಬೇಡಿ.

ಕಣ್ಣಿಗೆ ಏನಾದರೂ ಸಿಡಿದರೆ ಉಜ್ಜಬೇಡಿ. ಜೊತೆಗಾರನ ಬೈರಾಸಿನ ತುದಿ, ಬೆಂಕಿಕಡ್ಡಿ, ಗುಲಾಬ್ ಜಲ, ಜೇನು, ಸುರ್ಮಾ ಯಾವುದೂ ಬೇಡ. ತೇಲುವ ಪುಡಿಯಾದರೆ ಶುದ್ಧ ನೀರಿನಿಂದ ಧಾರಾಳವಾಗಿ ತೊಳೆಯಬಹುದು. ಚುಚ್ಚಿಕೊಂಡಿದ್ದರೆ ತೊಳೆಯದೆ, ಒತ್ತದೆ ಕಾಗದದ ಲೋಟವೊಂದನ್ನು ಕಣ್ಣಿನ ಮೇಲೆ ಮುಚ್ಚಿ ಕಣ್ಣಿನ ಆಸ್ಪತ್ರೆಗೆ ಕರೆದೊಯ್ಯಿರಿ. ವೇಗವಾಗಿ ಸಿಡಿದ ಕಬ್ಬಿಣದ ಚೂರು ಹೆಚ್ಚು ನೋವಿಲ್ಲದೆಯೂ ಕಣ್ಣಿನೊಳಗೆ ಸೇರಬಲ್ಲದು.

ಗಾಯಕ್ಕೆ ಕಾಫಿ ಪುಡಿ, ಅರಿಸಿನ ತುಂಬಬೇಡಿ. ಶುಭ್ರ ಬಟ್ಟೆಯಿಂದ ಒತ್ತಿ ಹಿಡಿದು ಕೈಯನ್ನು ಎತ್ತರದಲ್ಲಿಡಿ, ಟಿಟಿ ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ. ಬೆರಳು ತುಂಡಾಗಿದ್ದರೆ ಅದನ್ನು ಒದ್ದೆ ಮಾಡಿದ ಶುಭ್ರ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿ, ಆ ಚೀಲವನ್ನು ಐಸಿನ ಮೇಲಿಡಿ. ಬೆರಳಿಗೆ ಐಸ್ ನೇರ ತಾಗಬಾರದು.

ಕೊನೆಗೆ, ಕಟ್ಟಡ ಕೆಲಸ ಮಾಡುವ 18ರಿಂದ 60 ವರ್ಷದವರು ವರ್ಷದಲ್ಲಿ 90 ದಿನ ದುಡಿದಿದ್ದರೆ ಕರ್ನಾಟಕ ಕಟ್ಟಡ ಮತ್ತು ಇತರ ನಿರ್ಮಾಣ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ಹೆಸರು ನೋಂದಾಯಿಸಬಹುದು. ಟೈಲ್ಸ್, ಗ್ರಾನೈಟ್, ವಯರಿಂಗ್ ಮಾಡುವವರೂ ಇದರಲ್ಲಿ ಬರುತ್ತಾರೆ. ಚಿಕಿತ್ಸೆಗೆ, ಅಪಘಾತಕ್ಕೆ ಅಲ್ಲಿಂದ ನೆರವು ಸಿಗುತ್ತದೆ. ಕಾಯಿಲೆ ಬಿದ್ದ ಮೇಲೆ ಓಡಾಡುವುದಕ್ಕಿಂತ ಕಾರ್ಡನ್ನು ಈಗಲೇ ಮಾಡಿಸಿ, ಪ್ರತಿ ಸಲ ತಪ್ಪದೆ ನವೀಕರಿಸಿಕೊಳ್ಳಿ.