ಬಾಗಿಲಿಲ್ಲದ ಅಂಗಡಿಗೆ ವ್ರತವೇ ಬಾಗಿಲು

ಮಳವಳ್ಳಿ ತಾಲ್ಲೂಕಿನ ಪೂರಿಗಾಲಿಯಂಥ ಊರಿನಲ್ಲಿ ಹೈನುಗಾರಿಕೆಯ ಮನೆಗೆ ಬೆಳಗಾಗುವುದು ಸೂರ್ಯನಿಂದಲ್ಲ, ಕೊಟ್ಟಿಗೆಯ ದೀಪದಿಂದ. ಸಗಣಿ ಬಾಚಿ, ಕೆಚ್ಚಲು ತೊಳೆದು, ಹಾಲು ಕರೆದು, ಕ್ಯಾನು ಹಿಡಿದು ಡೇರಿಯ ಸರದಿಯಲ್ಲಿ ನಿಲ್ಲುವ ಹೊತ್ತಿಗೆ ಇನ್ನೂ ಮಬ್ಬು ಹರಿದಿರುವುದಿಲ್ಲ. ಹಳ್ಳಿಗಳ ಹಾಲು ಮದ್ದೂರು ತಾಲ್ಲೂಕಿನ ಗೆಜ್ಜಲಗೆರೆಯಲ್ಲಿರುವ ಜಿಲ್ಲಾ ಹಾಲು ಒಕ್ಕೂಟಕ್ಕೆ ಕೆಡದೆ ತಲುಪಬೇಕು; ಹಾಲಿನ ವಾಹನ ಯಾರೊಬ್ಬರಿಗಾಗಿಯೂ ಕಾಯುವುದಿಲ್ಲ. ಮನೆಗೆ ಮರಳಿದರೆ ಮಕ್ಕಳ ಬುತ್ತಿ, ಅತ್ತೆಯ ಔಷಧ, ಒಲೆಯ ಮೇಲಿನ ಅನ್ನ, ಹಸುವಿಗೆ ಮೇವು. ನಡುವೆ ಬಿಡುವಾದಾಗ ಹೊಲಿಗೆ ಯಂತ್ರ. ಸಂಜೆಯಾದರೆ ಮತ್ತೆ ಕೊಟ್ಟಿಗೆ, ಮತ್ತೆ ಡೇರಿ.

ಪೇಟೆಯ ಅಂಗಡಿಗೆ ಒಂದು ಬಾಗಿಲಿದೆ. ರಾತ್ರಿ ಅದನ್ನು ಎಳೆದು ಬೀಗ ಹಾಕಿದರೆ ವ್ಯಾಪಾರ ಅಲ್ಲಿಯೇ ಉಳಿಯುತ್ತದೆ, ವ್ಯಾಪಾರಿ ಮನೆಗೆ ಬರುತ್ತಾನೆ. ಮನೆಯಲ್ಲಿಯೇ ನಡೆಯುವ ಉದ್ಯಮಕ್ಕೆ ಅಂಥ ಬಾಗಿಲಿಲ್ಲ. ಹೈನುಗಾರಿಕೆಯಾಗಲಿ, ಹೊಲಿಗೆಯಾಗಲಿ, ಹಪ್ಪಳ ಸಂಡಿಗೆಯ ತಯಾರಿಕೆಯಾಗಲಿ, ಅಡುಗೆಮನೆ ಎಲ್ಲಿ ಮುಗಿಯಿತು, ಕಸುಬು ಎಲ್ಲಿ ಆರಂಭವಾಯಿತು ಎಂದು ಗುರುತಿಸುವುದು ಕಷ್ಟ. ಊಟದ ನಡುವೆ ಗಿರಾಕಿ ಬರುತ್ತಾರೆ. ಜಪದ ನಡುವೆ ಮೊಬೈಲು ಕರೆಯುತ್ತದೆ. ಮಗು ಪಾಠ ಒಪ್ಪಿಸಲು ಬಂದಾಗ ಲೆಕ್ಕದ ಪುಸ್ತಕ ತೆರೆದಿರುತ್ತದೆ. ಇಂಥ ಮನೆಗೆ ಲೋಕ ನೀಡುವ ಸಲಹೆ ಒಂದೇ: ಇನ್ನೂ ಬೇಗ ಏಳಿರಿ, ಇನ್ನೂ ಚುರುಕಾಗಿ ದುಡಿಯಿರಿ. ಶ್ರಾವಕಾಚಾರ ಬೋಧಿಸುವ ದಾರಿ ಬೇರೆ. ಹೆಚ್ಚು ಕೆಲಸವನ್ನು ಹೇಗೆ ತುಂಬಬೇಕೆಂದು ಅದು ಕೇಳುವುದಿಲ್ಲ. ಎಲ್ಲಿ ನಿಲ್ಲಿಸಬೇಕೆಂದು ಕೇಳುತ್ತದೆ. ವ್ಯವಸ್ಥೆಯ ಮೂಲ ವೇಗದಲ್ಲಿಲ್ಲ, ಪರಿಮಾಣದಲ್ಲಿದೆ.

ಹದಿಮೂರನೆಯ ಶತಮಾನದ ಪಂಡಿತ ಆಶಾಧರರು ಸ್ವತಃ ಗೃಹಸ್ಥರು. 'ಸಾಗಾರ ಧರ್ಮಾಮೃತ'ದಲ್ಲಿ ಅವರು ಶ್ರಾವಕಧರ್ಮಕ್ಕೆ ಅರ್ಹನಾದವನ ಲಕ್ಷಣಗಳನ್ನು ಹೇಳುವಾಗ ಮೊದಲು ಇಡುವುದು ನ್ಯಾಯದಿಂದ ಗಳಿಸಿದ ಧನವನ್ನು. ಧರ್ಮ, ಅರ್ಥ, ಕಾಮಗಳೆಂಬ ಮೂರನ್ನೂ ಒಂದಕ್ಕೊಂದು ಹೊಂದುವಂತೆ ಆಚರಿಸುವುದೂ ಆ ಲಕ್ಷಣಗಳಲ್ಲಿ ಸೇರಿದೆ. ದುಡಿಮೆ ಬೇಡವೆಂದು ಆಚಾರ್ಯ ಪರಂಪರೆ ಗೃಹಸ್ಥನಿಗೆ ಹೇಳಲಿಲ್ಲ. ದುಡಿಮೆ ದೇವಪೂಜೆಯನ್ನು ನುಂಗಬಾರದು, ಸಂಸಾರದ ಪ್ರೀತಿಯನ್ನೂ ನುಂಗಬಾರದು. ಹಾಗೆಯೇ ಧರ್ಮದ ಹೆಸರಿನಲ್ಲಿ ಆಶ್ರಿತರು ಹಸಿದಿರಲೂಬಾರದು ಎಂಬುದಷ್ಟೇ ಅದರ ಅಪೇಕ್ಷೆ.

ಹಾಗಾದರೆ ಮೊದಲ ಮಿತಿ ಕಸುಬಿನ ಆಯ್ಕೆಯಲ್ಲಿಯೇ ಇದೆ. ಮಳವಳ್ಳಿಯ ಸೀಮೆಯಲ್ಲಿ ಹಿಪ್ಪುನೇರಳೆ ಬೆಳೆದು ರೇಷ್ಮೆಹುಳು ಸಾಕುವುದು ಅನೇಕ ಮನೆಗಳ ಜೀವನಾಧಾರ. ಅಲ್ಲಿ ಮನೆಮಂದಿಯ ಶಿಸ್ತು ಬೆರಗು ಹುಟ್ಟಿಸುವಂಥದು. ಹುಳುವಿನ ಹಸಿವಿಗೆ ತಕ್ಕಂತೆ ಇಡೀ ಮನೆ ಎದ್ದು ಕೂರುತ್ತದೆ. ಆದರೆ ನೂಲು ತೆಗೆಯುವ ಮುನ್ನ ಗೂಡಿನೊಳಗಿನ ಜೀವ ಬಿಸಿಗೆ ಬಲಿಯಾಗುತ್ತದೆ. ಆದ್ದರಿಂದ ಅಹಿಂಸಾಣುವ್ರತ ಹಿಡಿದ ಶ್ರಾವಕ, ಲಾಭವಿದ್ದರೂ, ಈ ಕಸುಬಿನಿಂದ ದೂರ ನಿಲ್ಲುತ್ತಾನೆ. ಇದು ನೆರೆಯವರ ಅನ್ನವನ್ನು ಹೀಗಳೆಯುವ ಮಾತಲ್ಲ, ತನ್ನ ಹೊಸಿಲಿಗೆ ತಾನೇ ಎಳೆದುಕೊಂಡ ಗೆರೆ. ಯಾವ ಕೆಲಸವನ್ನು ಮಾಡುವುದಿಲ್ಲ ಎಂಬುದು ನಿಶ್ಚಯವಾದ ಮೇಲೆಯೇ ಮಾಡುವ ಕೆಲಸಕ್ಕೆ ಕ್ರಮ ಬರುತ್ತದೆ.

ಎರಡನೆಯ ಮಿತಿ ಪ್ರಮಾಣದ್ದು. ಉಮಾಸ್ವಾಮಿಗಳ 'ತತ್ತ್ವಾರ್ಥಸೂತ್ರ'ದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹ ಪರಿಮಾಣ ವ್ರತದ ಅತಿಚಾರಗಳನ್ನು ಹೇಳುವಾಗ ಹೊಲ, ಮನೆ, ಬೆಳ್ಳಿ, ಬಂಗಾರಗಳೊಡನೆ 'ಧನ' ಎಂಬ ಪದ ಬರುತ್ತದೆ. ಪೂಜ್ಯಪಾದರು 'ಸರ್ವಾರ್ಥಸಿದ್ಧಿ'ಯಲ್ಲಿ ಅದಕ್ಕೆ ಹಸು ಮೊದಲಾದವು ಎಂದೇ ಅರ್ಥ ಹೇಳಿದ್ದಾರೆ. ಕನ್ನಡದ ರೈತ 'ದನ' ಎನ್ನುವಾಗಲೂ ಅದೇ ಅರ್ಥ ಬಾಳುತ್ತಿದೆ. ಎರಡು ಹಸುವಿದ್ದ ಮನೆಗೆ ಸಾಲದಿಂದ ಮೂರನೆಯದು ಬರುತ್ತದೆ. ಆ ಸಾಲದ ಕಂತಿಗಾಗಿ ನಾಲ್ಕನೆಯದು ಬರುತ್ತದೆ. ಮೇವಿಗೆ ಎಷ್ಟು ಜಮೀನಿದೆ, ದಿನಕ್ಕೆ ಎಷ್ಟು ಹೊತ್ತಿದೆ, ಮನೆಯಲ್ಲಿ ದುಡಿಯುವ ಕೈಗಳು ಎಷ್ಟು ಎಂಬ ಲೆಕ್ಕವನ್ನು ಹಸು ಬರುವ ಮುನ್ನ ಹಾಕಿದರೆ ಅದು ಪರಿಮಾಣ. ಹಸು ಬಂದ ಮೇಲೆ ಹಾಕಿದರೆ ಪಶ್ಚಾತ್ತಾಪ. ಮುಂದಾಲೋಚನೆಯಿಲ್ಲದೆ ಕೆಲಸವನ್ನು ಬೆಳೆಸಿಕೊಂಡು ಹೋಗುವುದಕ್ಕೆ ಶಾಸ್ತ್ರ 'ಅಸಮೀಕ್ಷ್ಯಾಧಿಕರಣ' ಎಂಬ ಹೆಸರನ್ನೇ ಕೊಟ್ಟು, ಅನರ್ಥದಂಡ ವ್ರತದ ದೋಷಗಳಲ್ಲಿ ಸೇರಿಸಿದೆ.

ಇಲ್ಲಿಂದ ಮುಂದಿನ ಪ್ರಶ್ನೆ ಇನ್ನೂ ಸೂಕ್ಷ್ಮ. ಅಹಿಂಸಾಣುವ್ರತಕ್ಕೆ ಐದು ಅತಿಚಾರಗಳು: ಕಟ್ಟಿಹಾಕುವುದು, ಹೊಡೆಯುವುದು, ಅಂಗವನ್ನು ಕತ್ತರಿಸುವುದು, ಅತಿಯಾದ ಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು. ಹೈನುಗಾರಿಕೆಯ ಮನೆಯಲ್ಲಿ ಇವು ಪಾರಾಯಣದ ಪದಗಳಲ್ಲ, ದಿನದಿನದ ಪರೀಕ್ಷೆ. ಕರುವಿನ ಪಾಲಿನ ಹಾಲನ್ನೂ ಹಿಂಡಿ ಕ್ಯಾನಿಗೆ ಸುರಿದರೆ ಅದು ಅನ್ನಪಾನ ನಿರೋಧ. ಕರು ಕುಡಿದು ತೃಪ್ತವಾಗುವ ಹೊತ್ತನ್ನೂ ದಿನಚರಿಯೊಳಗೆ ಸೇರಿಸುವುದು ಶ್ರಾವಕನ ಕ್ರಮ.

ಹಸುವಿನ ವಿಷಯದಲ್ಲಿ ಇಷ್ಟು ಎಚ್ಚರವಿರುವ ಮನೆ ಗೃಹಿಣಿಯ ವಿಷಯದಲ್ಲಿ ಅನೇಕ ಸಲ ಮರೆಯುತ್ತದೆ. ಸಂಘದ ಸಾಲ ಅವಳ ಹೆಸರಿನಲ್ಲಿ, ಕೊಟ್ಟಿಗೆ ಅವಳ ಪಾಲಿಗೆ, ಅಡುಗೆ ಹೇಗೂ ಅವಳದೇ. ಪರ್ವದಿನ ಬಂದರೆ ಮಡಿ, ಪೂಜೆಯ ಸಿದ್ಧತೆ, ಅತಿಥಿ ಸತ್ಕಾರಗಳೂ ಅವಳ ಹೆಗಲಿಗೆ. ಎಲ್ಲರೂ ಉಂಡ ಮೇಲೆ ಉಳಿದದ್ದನ್ನು ಉಣ್ಣುವವಳೂ ಅವಳೇ. ಎತ್ತಿನ ಗಾಡಿಗೆ ಒಂದು ಮೂಟೆ ಹೆಚ್ಚಾದರೆ ಪಾಪವೆಂದು ತಿಳಿದವರು ಸೊಸೆಯ ದಿನಕ್ಕೆ ಇನ್ನೊಂದು ಕೆಲಸ ಹೇರುವಾಗಲೂ ಅದೇ ಅತಿಚಾರವನ್ನು ನೆನೆಯಬೇಡವೇ? ಅತಿಭಾರಾರೋಪಣ ಮೂಕಪ್ರಾಣಿಗಷ್ಟೇ ಸಲ್ಲುವ ಮಾತಲ್ಲ. ಬಾಯಿದ್ದೂ ಮಾತನಾಡದವರಿಗೆ ಅದು ಇನ್ನೂ ಹೆಚ್ಚಾಗಿ ಸಲ್ಲುತ್ತದೆ. ಹಾಲಿನ ಬಟವಾಡೆಯ ಹಣ ಮನೆಯವರೆಲ್ಲರದು ಎಂದಾದರೆ ಕೊಟ್ಟಿಗೆಯ ಕೆಲಸವೂ ಎಲ್ಲರದು ಆಗಬೇಕು. ಕೆಲಸದ ಹಂಚಿಕೆ ಹೆಣ್ಣಿಗೆ ತೋರುವ ಔದಾರ್ಯವಲ್ಲ. ಗಂಡಸಿನ ವ್ರತ ಶುದ್ಧವಾಗಿ ಉಳಿಯಲು ಬೇಕಾದ ಆಚರಣೆ.

ಈ ಹಂಚಿಕೆಯ ನಿಜವಾದ ಪರೀಕ್ಷೆ ಸಂಜೆಯಲ್ಲಿದೆ. ರಾತ್ರಿಭೋಜನ ತ್ಯಾಗ ಪಾಲಿಸುವ ಜೈನ ಮನೆಯಲ್ಲಿ ಸೂರ್ಯಾಸ್ತಕ್ಕೆ ಮೊದಲು ಊಟ ಮುಗಿಯಬೇಕು. ಡಿಸೆಂಬರಿನಲ್ಲಿ ಆರು ಗಂಟೆಯ ಆಸುಪಾಸಿಗೆ ಸೂರ್ಯ ಮುಳುಗುತ್ತಾನೆ. ಎರಡನೆಯ ಸಲ ಹಾಲು ಕರೆಯುವುದೂ, ಡೇರಿಗೆ ಒಯ್ಯುವುದೂ, ಮಕ್ಕಳು ಶಾಲೆಯಿಂದ ಬರುವುದೂ ಅದೇ ಹೊತ್ತಿಗೆ. ಒಬ್ಬಳೇ ಎಲ್ಲವನ್ನೂ ಮಾಡಹೊರಟರೆ ಒಂದೋ ಹಾಲು ತಪ್ಪುತ್ತದೆ, ಇಲ್ಲವೇ ಊಟ ತಪ್ಪುತ್ತದೆ. ಬಹುಪಾಲು ತಪ್ಪುವುದು ಅವಳ ಊಟವೇ. ಇದಕ್ಕೆ ಪರಿಹಾರ ದೊಡ್ಡದಲ್ಲ. ಸಾರು ಪಲ್ಯಗಳ ಸಿದ್ಧತೆ ಮಧ್ಯಾಹ್ನವೇ ಮುಗಿದಿರಲಿ. ನೀರು ಸೋಸುವುದು ಮಕ್ಕಳ ಪಾಲಿಗಿರಲಿ. ಕ್ಯಾನು ಒಯ್ಯುವುದು ಗಂಡನಿಗೋ ಮೈದುನನಿಗೋ ಸೇರಲಿ. ಎಲ್ಲಕ್ಕಿಂತ ಮುಖ್ಯವಾಗಿ ಹಗಲಿರುವಾಗಲೇ ಎಲ್ಲರ ತಟ್ಟೆಗಳೂ ಒಟ್ಟಿಗೆ ಇಳಿಯಲಿ. ಹೀಗೆ ನೋಡಿದರೆ ಸೂರ್ಯಾಸ್ತದ ನಿಯಮ ದುಡಿಯುವ ಮನೆಗೆ ತೊಡಕಲ್ಲ. ದಿನಕ್ಕೊಮ್ಮೆಯಾದರೂ ಮನೆಮಂದಿಯನ್ನೆಲ್ಲ ಒಂದೆಡೆ ಕೂರಿಸುವ ಶಕ್ತಿ ಅದಕ್ಕಿದೆ.

ಕಾಲದ ಮಿತಿಯ ಜೊತೆಗೆ ದೇಶದ ಮಿತಿಯೂ ಬೇಕು. ಇಷ್ಟು ಹೊತ್ತು ಈ ಗಡಿಯಾಚೆ ವ್ಯವಹಾರವಿಲ್ಲವೆಂದು ಸಂಕಲ್ಪಿಸುವುದು ದೇಶವ್ರತ. ಅದರ ಅತಿಚಾರಗಳಲ್ಲಿ 'ಶಬ್ದಾನುಪಾತ'ವೂ ಒಂದು: ತಾನು ಗಡಿಯೊಳಗೇ ಇದ್ದು, ಕೆಮ್ಮಿಯೋ ಕೂಗಿಯೋ ಹೊರಗಿನವರಿಂದ ಕೆಲಸ ಸಾಧಿಸಿಕೊಳ್ಳುವುದು. ಮೊಬೈಲಿನ ಕಾಲದಲ್ಲಿ ಈ ಸೂತ್ರಕ್ಕೆ ಬೇರೆ ವ್ಯಾಖ್ಯಾನ ಬೇಕಿಲ್ಲ. ದೇಹ ದೇವರ ಕೋಣೆಯಲ್ಲಿದ್ದು ದನಿ ಗಿರಾಕಿಯ ಮನೆಯಲ್ಲಿದ್ದರೆ ಗಡಿ ಮುರಿದಂತೆಯೇ. ಸಾಮಾಯಿಕದ ದೋಷಗಳಲ್ಲಿಯೂ ಮನಸ್ಸು, ಮಾತು, ದೇಹಗಳ ಚಾಂಚಲ್ಯದ ಜೊತೆಗೆ ಅನಾದರ ಮತ್ತು ಮರೆವು ಸೇರಿವೆ. ಎರಡು ಘಳಿಗೆ, ಎಂದರೆ 48 ನಿಮಿಷ, ಮೊಬೈಲನ್ನು ಬೇರೆ ಕೋಣೆಯಲ್ಲಿರಿಸಿ ಸಮತೆಯಲ್ಲಿ ಕೂರುವುದನ್ನು ಕಲಿತ ಮನೆಗೆ ಮಗುವಿನ ಪಾಠದ ಹೊತ್ತನ್ನೂ ಹಾಗೆಯೇ ಕಾಯುವುದು ಸುಲಭ.

ವಸ್ತುಗಳ ಅಚ್ಚುಕಟ್ಟುತನವನ್ನು ಮುನಿಗಳಿಂದ ಕಲಿಯಬಹುದು. ಕಮಂಡಲುವನ್ನಾಗಲಿ ಶಾಸ್ತ್ರಗ್ರಂಥವನ್ನಾಗಲಿ ಎತ್ತುವ, ಇಡುವ ಮುನ್ನ ಅವರು ನೋಡಿ, ಪಿಂಛಿಯಿಂದ ಮೃದುವಾಗಿ ಸವರುತ್ತಾರೆ. ಇದು ಆದಾನ ನಿಕ್ಷೇಪಣ ಸಮಿತಿ. ಸೂಜಿ ಕತ್ತರಿಗಳಿಗೆ ಒಂದು ಡಬ್ಬಿ, ಹಿಂಡಿ ಬೂಸಾಗಳಿಗೆ ಒಣಗಿದ ಜಾಗ, ಹಾಲಿನ ಪಾತ್ರೆಗೆ ಬೇರೆಯೇ ಮೂಲೆ ಎಂದಾದರೆ ಹುಡುಕಾಟದ ಹೊತ್ತು ಉಳಿಯುತ್ತದೆ, ಇರುವೆ ಹುಳುಗಳ ಜೀವವೂ ಉಳಿಯುತ್ತದೆ.

ಲೆಕ್ಕದ ಪುಸ್ತಕವೂ ವ್ರತದ ಹೊರಗಿಲ್ಲ. ಸುಳ್ಳು ಬರಹ ಸತ್ಯಾಣುವ್ರತಕ್ಕೆ ಕಳಂಕ. ಅಳತೆ ತೂಕಗಳ ಮೋಸ ಮತ್ತು ಕಲಬೆರಕೆ ಅಚೌರ್ಯಾಣುವ್ರತಕ್ಕೆ ಕಳಂಕ. ಕ್ಯಾನಿಗೆ ಬೆರೆಸಿದ ಒಂದು ಚೊಂಬು ನೀರು ಡೇರಿಯ ಯಂತ್ರದ ಕಣ್ಣಿಗೆ ಬೀಳುವ ಮೊದಲೇ ಆತ್ಮಕ್ಕೆ ತಿಳಿದಿರುತ್ತದೆ. ಬಂದ ಹಣವನ್ನು ನಾಲ್ಕು ಪಾಲು ಮಾಡಿ, ಒಂದನ್ನು ಕೂಡಿಡುವ, ಒಂದನ್ನು ಕಸುಬಿಗೆ ತೊಡಗಿಸುವ, ಒಂದನ್ನು ಧರ್ಮಕಾರ್ಯ ಮತ್ತು ಉಪಭೋಗಕ್ಕೆ ಬಳಸುವ, ಒಂದನ್ನು ಆಶ್ರಿತರ ಪೋಷಣೆಗೆ ಮೀಸಲಿಡುವ ಕ್ರಮವನ್ನು ಪರಂಪರೆ ಗೃಹಸ್ಥನಿಗೆ ತೋರಿಸಿದೆ. ಸಣ್ಣ ಆದಾಯದಲ್ಲಿ ಪಾಲುಗಳು ಸಮವಾಗದಿರಬಹುದು. ಆದರೂ ಮನೆಯ ಹಣ ಮತ್ತು ಕಸುಬಿನ ಹಣ ಬೇರೆ ಬೇರೆ ಡಬ್ಬಿಗಳಲ್ಲಿದ್ದರೆ ಅರ್ಧ ಕಲಹ ತಾನಾಗಿಯೇ ಶಮನವಾಗುತ್ತದೆ.

ಮಿತಿ ಹಾಕಿಕೊಂಡರೆ ಗಳಿಕೆ ಕುಗ್ಗುವುದಿಲ್ಲವೇ ಎಂಬ ಸಂಶಯ ಸಹಜ. ಕೆಲವೊಮ್ಮೆ ಕುಗ್ಗುತ್ತದೆ, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಸಾಲದ ಕಂತು ತಲೆಯ ಮೇಲಿರುವ ಮನೆಗೆ ಬಿಡುವಿನ ಉಪದೇಶ ಕಹಿಯಾಗಿಯೂ ಕೇಳಬಹುದು. ಇದನ್ನು ಬಲ್ಲುದರಿಂದಲೇ ಶಾಸ್ತ್ರ ಗೃಹಸ್ಥನಿಗೆ ಮಹಾವ್ರತವನ್ನು ವಿಧಿಸದೆ ಅಣುವ್ರತವನ್ನು ವಿಧಿಸಿತು. ಒಂದೇ ಸಲಕ್ಕೆ ಎಲ್ಲವೂ ಸಾಧ್ಯವಾಗಬೇಕಿಲ್ಲ. ಈ ವಾರ ಸಂಜೆಯ ಊಟ ಒಟ್ಟಿಗೆ. ಮುಂದಿನ ವಾರ ಎರಡು ಘಳಿಗೆಯ ಮೌನ. ಮುಂದಿನ ಸಾಲಕ್ಕೆ ಸಹಿ ಹಾಕುವ ಮುನ್ನ ಮನೆಯವರೆಲ್ಲರ ಒಪ್ಪಿಗೆ. ಅಣುವಿನಷ್ಟೇ ಆದರೂ ಗೆರೆ ಗೆರೆಯೇ.

ರಾತ್ರಿ ಮಲಗುವ ಮುನ್ನ ಕಸುಬಿನ ಲೆಕ್ಕ ಬರೆದು ಮುಚ್ಚಿದ ಮೇಲೆ ಪ್ರತಿಕ್ರಮಣದ ಲೆಕ್ಕ ತೆರೆಯುತ್ತದೆ. ಇಂದು ಯಾವ ಜೀವಕ್ಕೆ ಭಾರ ಹೆಚ್ಚಾಯಿತು? ಯಾರ ಊಟ ತಡವಾಯಿತು? ಯಾವ ಮಾತು ಅಳತೆ ಮೀರಿತು? ಮೊದಲ ಪುಸ್ತಕದಲ್ಲಿ ಹಾಲಿನ ಲೀಟರುಗಳಿವೆ, ಎರಡನೆಯದರಲ್ಲಿ ಮನೆಯವರ ಮುಖಗಳಿವೆ. ಎರಡನ್ನೂ ನೋಡಿ ಏಳುವ ಗೃಹಸ್ಥ ಕೊಟ್ಟಿಗೆಯ ದೀಪ ಆರಿಸಿದಾಗ ಬಾಗಿಲಿಲ್ಲದ ಆ ಅಂಗಡಿ ನಿಜವಾಗಿ ಮುಚ್ಚುತ್ತದೆ, ಮನೆ ಮನೆಯಾಗಿ ಉಳಿಯುತ್ತದೆ.